ಗೋಣೆಪ್ಪ ಹೇಳಿದ ಒಂದು 'ಇಲ್ಲ'

ಇರಕಲ್ಲಗಡದ ಸುತ್ತಲಿನ ಬಾವಿ ತೋಡುವವರಲ್ಲಿ ಒಂದು ಕಟ್ಟಳೆ ಇತ್ತು. ಬಾವಿಯ ತಳದಲ್ಲಿ ನಿಂತವನು 'ನೀರಿಲ್ಲ' ಅನ್ನಬಾರದು. ಬಂಡೆಗೆ ಸುತ್ತಿಗೆ ಬಡಿದು, ಕಿವಿ ಹಚ್ಚಿ ಕೇಳಬೇಕು. ನೀರು ಇದೆ ಅನ್ನಿಸಿದರೆ 'ಐತಿ' ಅನ್ನಬೇಕು. ಅನ್ನಿಸದಿದ್ದರೆ 'ಇನ್ನೂ ಕೇಳಬೇಕು' ಅನ್ನಬೇಕು. 'ಇಲ್ಲ' ಅಂದರೆ ನೆಲ ಆ ಮಾತು ಕೇಳಿಸಿಕೊಂಡು ಸೆಲೆಯನ್ನು ಬೇರೆ ಕಡೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. 'ಇಲ್ಲ' ಅಂದರೆ ಮರುದಿನದಿಂದ ಕೆಲಸ ನಿಲ್ಲುತ್ತದೆ ಎಂಬ ಕಾರಣವೂ ಇದ್ದೀತು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಗೋಣೆಪ್ಪನಿಗೆ ಈ ಕಟ್ಟಳೆ ಕಲಿಸಿದವನು ಸೋದರಮಾವ ಮುದಿಯಪ್ಪ. ಕೆಲಸ ಕಲಿಸುವಾಗ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಬಂಡೆಗೆ ಒಂದು ಏಟು ಹಾಕಿ ಅಳಿಯನ ಮುಖ ನೋಡುತ್ತಿದ್ದ. ದನಿ ಗಟ್ಟಿಯಾಗಿ ಮರಳಿದರೆ ಕೆಳಗೆ ಹಾಸುಗಲ್ಲು. ಒಡೆದು ಮರಳಿದರೆ ಬಿರುಕು. ಸ್ವಲ್ಪ ತಡೆದು ಮೆತ್ತಗೆ ಮರಳಿದರೆ ಪೊಳ್ಳು. ಪೊಳ್ಳಿನಲ್ಲಿ ನೀರಿರಬಹುದು, ಬರೀ ಗಾಳಿಯೂ ಇರಬಹುದು. ಇಪ್ಪತ್ತು ತುಂಬುವಷ್ಟರಲ್ಲಿ ಗೋಣೆಪ್ಪ ಈ ಮೂರನ್ನೂ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ನಿಂತ ನೀರು ಸದ್ದು ಮಾಡುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

1940ರಲ್ಲಿ ಅವನು ಹಸೀನಾಬೇಗಂ ಅವರ ಹೊಲದಲ್ಲಿ ಬಾವಿ ಹಿಡಿದ. ಹಸೀನಾಬೇಗಂ ವಿಧವೆ, ಒಬ್ಬನೇ ಮಗ, ಅಬ್ದುಲಸಾಬ. ಅವನು ಗೋಣೆಪ್ಪನ ಓರಗೆಯವನು. ಗೋಣೆಪ್ಪ ಕೆಳಗೆ ಹಾರೆ ಹಿಡಿದು ಕಲ್ಲು ಒಡೆಯುತ್ತಿದ್ದ, ಅಬ್ದುಲಸಾಬ ಮೇಲೆ ಗಾಲಿಯ ಹಗ್ಗ ಹಿಡಿದು ಬುಟ್ಟಿ ಎಳೆಯುತ್ತಿದ್ದ. ಎರಡು ವರ್ಷ ಕಳೆದು ಇಪ್ಪತ್ತಾರು ಮೊಳಕ್ಕೆ ಇಳಿದಾಗಲೂ ಬಾವಿ ಒಣಗಿಯೇ ಇತ್ತು.

"ಏನಾತೋ ಗೋಣ್ಯಾ?" ಎಂದು ಅಬ್ದುಲಸಾಬ ಮೇಲಿನಿಂದ ಕೂಗುತ್ತಿದ್ದ.

"ಇನ್ನೂ ಕೇಳಬೇಕು."

"ಎರಡ ವರ್ಷಾತು ಕೇಳಾಕತ್ತು. ಇನ್ನ ಸ್ವಲ್ಪ ದಿನಕ್ಕ ನೆಲಾನ ಬ್ಯಾಸರಾಗಿ ಹೇಳಿಬಿಡತೈತಿ."

"ಬುಟ್ಟಿ ಎಳಿ. ಮಾತ ಎಳೀಬ್ಯಾಡ."

ಹಸೀನಾಬೇಗಂ ರೊಟ್ಟಿ ತಂದು ದಂಡೆಯ ಮೇಲೆ ಇಟ್ಟು, ಬಾವಿಯೊಳಗೆ ಒಮ್ಮೆ ಇಣುಕಿ ಹೋಗುತ್ತಿದ್ದರು.

ಮುಂಬಯಿಗೆ ಹೋಗುವ ಮಾತು ತೆಗೆದವನು ಅಬ್ದುಲಸಾಬ. ಯುದ್ಧದಿಂದಾಗಿ ಅಲ್ಲಿ ಬಂದವರಿಗೆಲ್ಲ ಕೆಲಸ ಸಿಗುತ್ತದೆಂದು ಕೊಪ್ಪಳದ ಸ್ಟೇಷನ್ನಿನಲ್ಲಿ ಕೇಳಿಕೊಂಡು ಬಂದಿದ್ದ. "ಅಲ್ಲಿ ಮೂರು ಕಡೆ ನೀರು ಐತಂತ," ಎಂದ. "ಯಾರೂ ಹುಡುಕಂಗಿಲ್ಲ." ಹೊರಡುವ ದಿನ ಹಸೀನಾಬೇಗಂ ಇಬ್ಬರಿಗೂ ರೊಟ್ಟಿಗಂಟು ಕಟ್ಟಿಕೊಟ್ಟು, ಗೋಣೆಪ್ಪನನ್ನು ಪಕ್ಕಕ್ಕೆ ಕರೆದರು.

"ಇವಗ ನೆದರು ಕಮ್ಮಿ. ಎಲ್ಲಿ ಕಾಲಿಡತಾನೋ ನೋಡಂಗಿಲ್ಲ. ನೀ ನೋಡಿಕೊಳ್ಳೋ ಗೋಣೆಪ್ಪ."

"ನೋಡಿಕೋತೀನ್ರಿ ಚಾಚಿ."

ಮುಂಬಯಿಯಲ್ಲಿ ಅಬ್ದುಲಸಾಬ ಒಂದು ಹಳೆಯ ಸರಕಿನ ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ. ಗೋಣೆಪ್ಪ ಯಲಬುರ್ಗಾದ ಸಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಉರ್ದು ಓದಿದ್ದ. ಅದು ನೌಕಾಪಡೆಯವರಿಗೆ ಸಾಕಾಯಿತು. ಅವರು ಅವನನ್ನು ತೂಗಿ, ಎದೆಯಳತೆ ತೆಗೆದು, ಕೊನೆಗೆ ಕಿವಿ ಪರೀಕ್ಷೆ ಮಾಡಿದರು. ಎರಡೆರಡು ಸ್ವರ ಕೇಳಿಸುತ್ತಿದ್ದರು. ಎರಡನೆಯದು ಏರಿತೋ ಇಳಿಯಿತೋ ಬರೆಯಬೇಕು. ಐವತ್ತರಲ್ಲಿ ನಲವತ್ತೊಂಬತ್ತು ಸರಿ ಇದ್ದವು. ಐವತ್ತನೆಯದರ ಎದುರು ಗೋಣೆಪ್ಪ ಉರ್ದುವಿನಲ್ಲಿ 'ಇನ್ನೂ ಕೇಳಬೇಕು' ಎಂದು ಬರೆದಿದ್ದ. ಪರೀಕ್ಷಕರು ಅದನ್ನು ತಪ್ಪು ಎಂದು ಹಾಕಿ, ಅವನನ್ನು ಕರಾಚಿಗೆ ತರಬೇತಿಗೆ ಕಳಿಸಿದರು.

ಅಲ್ಲಿ ಕಲಿಸಿದ್ದು ಜಲಾಂತರ್ಗಾಮಿಯನ್ನು ಕಿವಿಯಿಂದ ಹುಡುಕುವ ವಿದ್ಯೆ. ಗೋಣೆಪ್ಪನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಹಡಗಿನ ತಳದಲ್ಲಿದ್ದ ಯಂತ್ರ ನೀರಿನೊಳಗೆ 'ಠಿಂಗ್' ಎಂದು ಒಂದು ಸದ್ದು ಬಿಡುತ್ತದೆ. ಏನಾದರೂ ಅಡ್ಡ ಇದ್ದರೆ ಸದ್ದು ತಾಗಿ ಮರಳುತ್ತದೆ. ಸುತ್ತಿಗೆ ಹೊಡೆಯುವವನು ಯಂತ್ರ, ಕೇಳುವವನು ತಾನು. ಎದುರಿನ ವಸ್ತು ಹತ್ತಿರ ಬರುತ್ತಿದ್ದರೆ ಮರಳಿದ ಸ್ವರ ಏರುತ್ತದೆ, ದೂರ ಹೋಗುತ್ತಿದ್ದರೆ ಇಳಿಯುತ್ತದೆ. ಯಂತ್ರವನ್ನು ಸುಮ್ಮನಿರಿಸಿ ಬರಿದೇ ಕೇಳುವುದೂ ಉಂಟು. ಆಗ ದೂರದ ಹಡಗಿನ ಪಂಖ ತಿರುಗುವುದು, ಮೀನಿನ ಹಿಂಡು ಚಿಟಗುಡುವುದು ಎಲ್ಲ ಕೇಳುತ್ತದೆ.

ತೊಡಕು ಇದ್ದದ್ದು ಬೇರೆ ಕಡೆ. ಜಲಾಂತರ್ಗಾಮಿ ನೀರಿನ ಮೇಲೆ ಡೀಸೆಲ್ ಎಂಜಿನ್ನಿನಿಂದ ಓಡುತ್ತದೆ. ಆಗ ಅದರ ಗದ್ದಲ ಹರದಾರಿ ಆಚೆಗೂ ಕೇಳುತ್ತದೆ. ಆ ಎಂಜಿನ್ನಿನಿಂದಲೇ ಬ್ಯಾಟರಿ ತುಂಬಿಸಿಕೊಂಡು ಮುಳುಗಿದ ಮೇಲೆ ಬರೀ ವಿದ್ಯುತ್ತಿನಿಂದ ಸರಿದಾಡುತ್ತದೆ, ಕೇಳುವುದು ಕಷ್ಟ. ನೀರು ಆಳವಿಲ್ಲದ ಕಡೆ ಎಲ್ಲವನ್ನೂ ನಿಲ್ಲಿಸಿ ತಳದ ಕೆಸರಿನ ಮೇಲೆ ಕುಳಿತರೆ ಅದರಿಂದ ಯಾವ ಸದ್ದೂ ಹೊರಡುವುದಿಲ್ಲ. ಯಂತ್ರದ ಸದ್ದು ಅದಕ್ಕೆ ತಾಗಿ ಮರಳುತ್ತದೆ ನಿಜ, ಆದರೆ ಸ್ವರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬಂಡೆಯಿಂದಲೂ ಹಾಗೆಯೇ ಮರಳುತ್ತದೆ. ಹಿಂದೆಂದೋ ಮುಳುಗಿದ ಹಡಗಿನ ಅಸ್ಥಿಪಂಜರದಿಂದಲೂ ಹಾಗೆಯೇ. ಇವುಗಳಲ್ಲಿ ಯಾವುದು ಯಾವುದೆಂದು ತಿಳಿಯುವುದು ಹೇಗೆ ಎಂದು ಗೋಣೆಪ್ಪ ಶಿಕ್ಷಕನನ್ನು ಕೇಳಿದ. ಬ್ಯಾಟರಿ ಮುಗಿದಾಗ ಅದು ಮೇಲೆ ಬರುತ್ತದೆ, ಆಗ ತಿಳಿಯುತ್ತದೆ ಎಂದು ಶಿಕ್ಷಕ ಹೇಳಿದ.

ವರದಿಯ ಹಾಳೆಯಲ್ಲಿ ಎರಡು ಖಾನೆ ಇದ್ದವು. ಒಂದರ ಮೇಲೆ 'ಇದೆ', ಇನ್ನೊಂದರ ಮೇಲೆ 'ಇಲ್ಲ'.

1943ರ ಆರಂಭದಲ್ಲಿ ಗೋಣೆಪ್ಪ ಒಂದು ಸಣ್ಣ ಕಾವಲು ಹಡಗಿಗೆ ಸೇರಿದ. ಸರಕಿನ ಹಡಗುಗಳ ಸಾಲಿನ ಜೊತೆ ಹೋಗಿ ಅವುಗಳನ್ನು ಕಾಯುವುದು ಅದರ ಕೆಲಸ. ಎರಡನೆಯ ತಿಂಗಳಲ್ಲಿ ಅವನಿಗೆ ತಳದಿಂದ ಒಂದು ಮರುದನಿ ಸಿಕ್ಕಿತು. ಅದು ಏರಲಿಲ್ಲ, ಇಳಿಯಲಿಲ್ಲ. ಕಪ್ತಾನ ಹಿಂದುಸ್ತಾನಿಯಲ್ಲಿ ಕೇಳಿದ, ಇದೆಯೋ ಇಲ್ಲವೋ. ಇನ್ನೂ ಕೇಳಬೇಕು ಎಂದು ಗೋಣೆಪ್ಪ ಹೇಳಿದ. ಅರ್ಧ ಗಂಟೆಯ ಮೇಲೆ ಕೇಳಿದಾಗಲೂ ಅದನ್ನೇ ಹೇಳಿದ. ಕಿವಿಯವನಿಗೆ ಅನುಮಾನವಿದೆ ಎಂದು ಕಪ್ತಾನ ಆರು ಗಂಟೆ ಅಲ್ಲೇ ಸುತ್ತಿ, ನೀರಿನ ಆಳದಲ್ಲಿ ಸಿಡಿಯುವ ಬಾಂಬುಗಳನ್ನು ಹದಿನಾಲ್ಕು ಹಾಕಿಸಿದ. ತೇಲಿ ಬಂದದ್ದು ಮೀನು. ಹಡಗಿನವರು ಮೂರು ದಿನ ಅದನ್ನೇ ಉಂಡರು. ಆ ಆರು ಗಂಟೆ ಸರಕಿನ ಹಡಗುಗಳು ಕಾವಲಿಲ್ಲದೆ ಹೋಗಿದ್ದವು. ಅವಕ್ಕೆ ಏನೂ ಆಗಲಿಲ್ಲ, ಅದು ಬೇರೆ ಮಾತು.

ಕಪ್ತಾನ ಕೂಗಾಡಲಿಲ್ಲ. ಇನ್ನು ಮುಂದೆ ಐದು ನಿಮಿಷ, ಒಂದೇ ಮಾತು, 'ಇದೆ' ಅಥವಾ 'ಇಲ್ಲ' ಎಂದ. ಮೂರನೆಯ ಮಾತು ಬಂದರೆ ಗೋಣೆಪ್ಪ ಕಿವಿ ಬಿಟ್ಟು ಸಲಿಕೆ ಹಿಡಿಯಬೇಕು, ಬಾಯ್ಲರಿನ ಮುಂದೆ. ಆಮೇಲೆ ಆರೇಳು ತಿಂಗಳು ಅಂಥ ಮರುದನಿ ಮತ್ತೆ ಸಿಗಲಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಮುಂಬಯಿಯ ಹಡಗುಕಟ್ಟೆಯ ಹತ್ತಿರ ಚಹಾದ ಅಂಗಡಿಯಲ್ಲಿ ಅಬ್ದುಲಸಾಬ ಸಿಕ್ಕ. ಮೈಯೆಲ್ಲ ಕರಿ ಹಿಡಿದಿತ್ತು. ಮೀನಿನ ಸುದ್ದಿ ಹಡಗುಕಟ್ಟೆಯವರೆಲ್ಲರಿಗೂ ತಲುಪಿತ್ತು.

"ಬರ್ರಿ ಮೀನಗಾರ ಸಾಹೇಬ್ರ," ಎಂದು ಅವನು ಬಾಕಿನ ಮೇಲೆ ಜಾಗ ಮಾಡಿಕೊಟ್ಟ. "ಸಮುದ್ರಾನೂ ನಮ್ಮ ಬಾವಿ ಮಾಡಿಯಂತ. ಇನ್ನೂ ಕೇಳಬೇಕು, ಇನ್ನೂ ಕೇಳಬೇಕು."

"ನಕ್ಕೋ. ನಿನ್ನ ಹಡಗ ಯಾವಾಗ ಹೊಂಟೈತಿ?"

"ನಾಳೆ. ನಿನ್ನ ಸಾಲಿನ್ಯಾಗ."

"ಎಲ್ಲಿ, ನಡುವೇನು?"

"ಕೊನೀಗೆ. ಮುದುಕಿ ಐತಿ ನಮ್ಮ ಹಡಗ, ಓಡಂದ್ರ ಕೆಮ್ಮತೈತಿ." ಅಬ್ದುಲಸಾಬ ಬಸಿಯಲ್ಲಿನ ಚಹಾ ಊದಿದ. "ಒಂದು ಹೇಳತೀನಿ ಕೇಳು. ಆವತ್ತಿನಂಗ ನಮ್ಮನ್ನ ಬಿಟ್ಟು ಕಲ್ಲಿನ ಮುಂದ ಕುಂದರಬ್ಯಾಡ. ಐತಿ ಅಂದ್ರ ಐತಿ, ಇಲ್ಲಂದ್ರ ಇಲ್ಲ. ಲಗೂನ ಹೇಳಿ ನಮ್ಮ ಹಿಂದ ಬಾ. ನೀ ಹಿಂದ ಇದ್ರ ನಾ ಕೆಳಗ ನಿದ್ದಿ ಮಾಡತೀನಿ."

"ಕೆಲಸದ ಹೊತ್ತಿನ್ಯಾಗ ನಿದ್ದಿ ಮಾಡತಿಯೇನು?"

"ನೀ ಕೆಲಸದ ಹೊತ್ತಿನ್ಯಾಗ ಮೀನ ಹಿಡೀತಿಯಲ್ಲ."

ಮರುದಿನ ಒಂಬತ್ತು ಹಡಗು ಹೊರಟವು. ಮೂರನೆಯ ದಿನ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ, ಕಾಠಿಯಾವಾಡದ ದಂಡೆಯ ಆಚೆ, ಬಾವಿಯ ಲೆಕ್ಕದಲ್ಲಿ ನೂರಿಪ್ಪತ್ತು ಮೊಳ ನೀರಿದ್ದಲ್ಲಿ ಗೋಣೆಪ್ಪನ ಕಿವಿಗೆ ಒಂದು ಮರುದನಿ ಬಿತ್ತು. ಕಾವಲು ಹಡಗು ಸಾಲು ಬಿಟ್ಟು ಆ ಕಡೆ ತಿರುಗಿತು. ಗೋಣೆಪ್ಪ ಯಂತ್ರವನ್ನು ಸುತ್ತಮುತ್ತ ತಿರುಗಿಸಿ ಕೇಳಿದ. ವಸ್ತು ತಳದಲ್ಲಿತ್ತು. ಸ್ವರ ಏರಲಿಲ್ಲ, ಇಳಿಯಲಿಲ್ಲ. ಯಂತ್ರ ನಿಲ್ಲಿಸಿ ಬರಿದೇ ಕೇಳಿದ. ಪಂಖವಿಲ್ಲ, ಪಂಪಿಲ್ಲ, ಕಬ್ಬಿಣ ತಾಗಿದ ಸದ್ದಿಲ್ಲ. ದೂರದಲ್ಲಿ, ಉಳಿದ ಹಡಗುಗಳ ಸದ್ದಿನ ಹಿಂದೆ, ಮುದುಕಿಯೊಂದು ಕೆಮ್ಮುತ್ತ ಹೋಗುತ್ತಿತ್ತು. ಅದನ್ನು ಅವನು ಸ್ಪಷ್ಟವಾಗಿ ಗುರುತಿಸಿದ.

ಕಪ್ತಾನ ಗಡಿಯಾರ ಹಿಡಿದುಕೊಂಡು ನಿಂತಿದ್ದ. ಐದು ನಿಮಿಷಕ್ಕೆ ಕೇಳಿದ. ಇದೆಯೋ, ಇಲ್ಲವೋ.

ಇದೆ ಎಂದರೆ ಹಡಗು ಇಲ್ಲಿಯೇ ನಿಲ್ಲುತ್ತದೆ. ಅಬ್ದುಲಸಾಬನ ಹಿಂದೆ ಯಾರೂ ಇರುವುದಿಲ್ಲ. ಇನ್ನೂ ಕೇಳಬೇಕು ಎಂದರೂ ಅದೇ, ಅದರ ಮೇಲೆ ಸಲಿಕೆ ಬೇರೆ. ಸಲಿಕೆಯ ಬಗ್ಗೆ ತಾನು ಆ ಹೊತ್ತಿನಲ್ಲಿ ಯೋಚಿಸಲಿಲ್ಲ ಎಂದು ಗೋಣೆಪ್ಪ ಮುಂದೆ ಹೇಳುತ್ತಿದ್ದ. ಸ್ವಲ್ಪ ತಡೆದು, ಯೋಚಿಸಿದ್ದರೂ ಯೋಚಿಸಿರಬಹುದು ಎಂದು ಸೇರಿಸುತ್ತಿದ್ದ. ಅವನು ಟೋಪಿಯಂತೆ ತಲೆಗೆ ಹಾಕಿದ್ದ ಕೇಳುವ ಸಲಕರಣೆಯನ್ನು ಒಂದು ಕಿವಿಯಿಂದ ಸರಿಸಿ, "ಇಲ್ಲ," ಎಂದ.

ಹುಟ್ಟಿದಾರಭ್ಯ ಕೆಲಸದ ಮೇಲಿದ್ದಾಗ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಹಡಗು ಸಾಲಿನ ಹಿಂದಕ್ಕೆ ಹೊರಟಿತು. ಇನ್ನೂ ಎರಡು ಮೈಲು ಹಿಂದಿರುವಾಗ, 'ಇಲ್ಲ' ಎಂದು ಬರೆದ ಇಪ್ಪತ್ತು ನಿಮಿಷಕ್ಕೆ, ಕೊನೆಯ ಹಡಗಿನ ಮಗ್ಗುಲಿಗೆ ಟಾರ್ಪೆಡೊ ಬಡಿಯಿತು. ಹನ್ನೊಂದು ನಿಮಿಷದಲ್ಲಿ ಅದು ಮುಳುಗಿತು. ಅರವತ್ತೊಂದು ಜನರಲ್ಲಿ ಮೂವತ್ತೆಂಟು ಜನರನ್ನು ಹಗ್ಗ ಹಾಕಿ ಎತ್ತಿಕೊಂಡರು. ಗೋಣೆಪ್ಪನೂ ಹಗ್ಗ ಎಳೆದ. ಮೇಲೆ ಬಂದ ಪ್ರತಿಯೊಬ್ಬನ ಮುಖ ನೋಡಿದ. ಬಾಯ್ಲರ್ ಕೋಣೆಯವರು ಯಾರೂ ಬರಲಿಲ್ಲ.

ಟಾರ್ಪೆಡೊ ಬಿಟ್ಟದ್ದು ತಳದಲ್ಲಿದ್ದ ಆ ವಸ್ತುವೋ, ಅಥವಾ ಅದು ಬರೀ ಬಂಡೆಯಾಗಿದ್ದು ಬೇರೆ ಕಡೆಯಿಂದ ಬಂದ ಜಲಾಂತರ್ಗಾಮಿಯೋ, ಯಾರಿಗೂ ತಿಳಿಯಲಿಲ್ಲ. ವಿಚಾರಣೆ ನಡೆಯಿತು. ಐದು ನಿಮಿಷ ಕೇಳಿದ್ದು, ಯಂತ್ರ ನಿಲ್ಲಿಸಿ ಕೇಳಿದ್ದು, ಸ್ವರ ಏರಿಳಿಯದಿದ್ದದ್ದು ಎಲ್ಲವೂ ಹಾಳೆಯಲ್ಲಿ ಕ್ರಮವಾಗಿ ದಾಖಲಾಗಿತ್ತು. ಯಾರ ತಪ್ಪೂ ಇಲ್ಲ ಎಂದು ತೀರ್ಮಾನವಾಯಿತು. ತನ್ನನ್ನು ಬಾಯ್ಲರ್ ಕೋಣೆಗೆ ಹಾಕಿ ಎಂದು ಗೋಣೆಪ್ಪ ಅರ್ಜಿ ಕೊಟ್ಟ. ಇಷ್ಟು ಒಳ್ಳೆಯ ಕಿವಿಯನ್ನು ಅಲ್ಲಿ ಹಾಳು ಮಾಡಲು ಬರುವುದಿಲ್ಲವೆಂದು ಅವರು ಅರ್ಜಿ ತಿರಸ್ಕರಿಸಿ, ಆರು ತಿಂಗಳ ಮೇಲೆ ಬಡ್ತಿ ಕೊಟ್ಟು ತೋಳಿಗೆ ಒಂದು ಪಟ್ಟಿ ಹೆಚ್ಚು ಹಾಕಿದರು. ಯುದ್ಧ ಮುಗಿಯುವವರೆಗೆ ಅವನು ಆ ಎರಡು ಖಾನೆಗಳನ್ನೇ ತುಂಬಿದ.

1946ರ ಬೇಸಿಗೆಯಲ್ಲಿ ಬಿಡುಗಡೆಯಾಗಿ ಕೊಪ್ಪಳದಲ್ಲಿ ರೈಲು ಇಳಿದ. ಇರಕಲ್ಲಗಡಕ್ಕೆ ಒಂದು ಬಂಡಿ ಹೊರಟಿತ್ತು, ಹತ್ತಿದ. ಮನೆಯಲ್ಲಿ ಟ್ರಂಕು ಇಟ್ಟು, ನೀರು ಕುಡಿದು, ನೇರ ಹಸೀನಾಬೇಗಂ ಅವರ ಹೊಲಕ್ಕೆ ಹೋದ. ಅವರು ಬಾವಿಯ ದಂಡೆಯ ಮೇಲೆ ಕಡಲೆ ಹಸನು ಮಾಡುತ್ತ ಕೂತಿದ್ದರು. ಬಾವಿ ಬಿಟ್ಟಲ್ಲೇ ಇತ್ತು. ಗಾಲಿಗೆ ತುಕ್ಕು ಹಿಡಿದಿತ್ತು.

"ಗೋಣೆಪ್ಪನೇನು? ಕೂಡು," ಎಂದರು. ಗಂಟು ಬಿಚ್ಚಿ ರೊಟ್ಟಿ ಕೊಟ್ಟರು. ಅವನು ಉಂಡ ಮೇಲೆ ಮಾತು ತೆಗೆದರು. "ಕಂಪನಿ ಕಾಗದ ಬಂದಿತ್ತು. ಪತ್ತೆ ಹತ್ತಿಲ್ಲಂತ ಬರ್ದಾರ."

"ಹೌದ್ರಿ ಚಾಚಿ."

"ನೀ ಅಲ್ಲೇ ಇದ್ದೆಂತ."

"ಅಲ್ಲೇ ಇದ್ದೆ."

ಗೋಣೆಪ್ಪ ಎಲ್ಲವನ್ನೂ ಹೇಳಿದ. ಮೀನು, ಚಹಾದ ಅಂಗಡಿ, ತಳದ ಮರುದನಿ, ಗಡಿಯಾರ, ಒಂದನ್ನೂ ಬಿಡಲಿಲ್ಲ. "ಐತೋ ಇಲ್ಲೋ ಅಂತ ಕೇಳಿದ್ರು," ಎಂದ. "ನಾ ಇಲ್ಲ ಅಂದೆ."

ಹಸೀನಾಬೇಗಂ ಮೊರವನ್ನು ಕೆಳಗೆ ಇಟ್ಟರು.

"ಇಲ್ಲ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿರಲಿಲ್ರಿ. ಕೇಳಸಲಿಲ್ಲ, ಅಷ್ಟ."

"ಹಂಗಾರ ನನಗ ಕೇಳಸವಲ್ದು ಅನ್ನಬೇಕಿತ್ತು."

"ಅಲ್ಲಿ ಆ ಮಾತಿಗೆ ಖಾನೆ ಇರಲಿಲ್ರಿ."

"ಬಾಯಿ ಇತ್ತಲ್ಲ," ಎಂದರು.

ಅವರು ಮೊರ ಎತ್ತಿಕೊಂಡು ಉಳಿದ ಕಡಲೆ ಹಸನು ಮಾಡಿ ಮುಗಿಸಿದರು. ಬಿಸಿಲು ಬಾವಿಯ ಅರ್ಧ ಗೋಡೆಯವರೆಗೆ ಇಳಿದಿತ್ತು.

"ಬಂದಿ ಅಂದ ಮ್ಯಾಲೆ ಇಳಿದ ನೋಡು," ಎಂದು ಬಾವಿಯ ಕಡೆ ಗದ್ದ ಎತ್ತಿದರು. "ನಾಕು ವರ್ಷ ಆತು ಹಂಗ ಬಿದ್ದು."

ಅವನು ಅಂಗಿ ಬಿಚ್ಚಿಟ್ಟು, ಸುತ್ತಿಗೆ ನಡುವಿಗೆ ಸಿಗಿಸಿಕೊಂಡು ಗೋಡೆಯ ಮೆಟ್ಟುಗಲ್ಲುಗಳ ಮೇಲೆ ಇಳಿದ. ತಳದಲ್ಲಿ ಎಲೆ, ಪಾರಿವಾಳದ ಪುಕ್ಕ, ಅವನೇ ಬಿಟ್ಟುಹೋಗಿದ್ದ ಮುರುಕು ಬುಟ್ಟಿ. ಅವನ್ನು ಸರಿಸಿ ಬಂಡೆಗೆ ಹೊಡೆದ. ಬಗ್ಗಿ ಕಿವಿ ಹಚ್ಚಿದ. ನಾಲ್ಕು ಮೂಲೆಗೂ ಹೊಡೆದ, ನಾಲ್ಕು ಮೂಲೆಗೂ ಕಿವಿ ಹಚ್ಚಿದ. ಗಡಿಯಾರ ಹಿಡಿದವರು ಯಾರೂ ಇರಲಿಲ್ಲ; ಬಹಳ ಹೊತ್ತು ಹಿಡಿಯಿತು.

"ಏನಾತು?" ಮೇಲಿನಿಂದ ಹಸೀನಾಬೇಗಂ ಕೇಳಿದರು.

"ಇನ್ನೂ..." ಎಂದು ಗೋಣೆಪ್ಪ ಬಾಯಿ ತೆರೆದ. ಅಲ್ಲಿಗೆ ನಿಲ್ಲಿಸಿದ. ಮೇಲೆ ನೋಡಿದ. ದುಂಡನೆಯ ಬಾಯಲ್ಲಿ ಅವರ ತಲೆಯ ಮೇಲಿನ ಸೆರಗು ಮಾತ್ರ ಕಾಣುತ್ತಿತ್ತು.

"ನನಗ ಕೇಳಸವಲ್ದ್ರಿ ಚಾಚಿ," ಎಂದ. "ಐತೋ ಇಲ್ಲೋ ನನಗ ಗೊತ್ತಿಲ್ಲ."

ಸೆರಗು ಸರಿಯಿತು. ಮೇಲೆ ತುಕ್ಕು ಹಿಡಿದ ಗಾಲಿ ಕಿರುಗುಟ್ಟಿತು, ಹಗ್ಗ ತಡಕಾಡಿದ ಸದ್ದಾಯಿತು.

"ಸರಿದು ನಿಂದ್ರು," ಎಂದರು ಹಸೀನಾಬೇಗಂ. "ಹಾರೆ ಇಳಸತೀನಿ."