ಫ್ರೀವೀಲಿಗೆ ಬಿಟ್ಟ ಕೊಬ್ಬರಿ ಎಣ್ಣೆ

ಈ ಸಲದ ಚಳಿಗೆ ನಮ್ಮ ಮನೆಯ ಕೊಬ್ಬರಿ ಎಣ್ಣೆಯ ಬಾಟಲಿ ಮತ್ತೆ ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ಹಾನಗಲ್ಲಿನಲ್ಲಿ ಇದೇನು ಹೊಸ ಸುದ್ದಿಯಲ್ಲ. ಮುಂಜಾನೆ ನನ್ನಾಕೆ ಅದನ್ನು ಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತಾಳೆ, ಅರ್ಧ ತಾಸಿನಲ್ಲಿ ಕರಗಿ ನೀರಾಗುತ್ತದೆ. ತಲೆಯ ಮೇಲೆ ಕೂದಲು ಉಳಿದವರು ಹಚ್ಚಿಕೊಳ್ಳುತ್ತಾರೆ. ನಾನು ಆ ಪಂಗಡದವನಲ್ಲವಾದ್ದರಿಂದ ಬಾಟಲಿಯ ಕಡೆ ನೋಡುವುದೇ ಕಡಿಮೆ. ನಿಜ ಹೇಳಬೇಕೆಂದರೆ, ನೋಡದಿರಲು ಬೇರೆಯೇ ಕಾರಣವಿದೆ. ಅದನ್ನು ಹೇಳಲೆಂದೇ ನಿಮ್ಮನ್ನು ಕೂರಿಸಿಕೊಂಡಿದ್ದೇನೆ.

ಮೊನ್ನೆ ಮಗಳು ವಿದ್ಯಾ ಬಂದಿದ್ದಳು. ಧಾರವಾಡದ ಒಂದು ಶಾಲೆಯಲ್ಲಿ ಆಟ ಕಲಿಸುತ್ತಾಳೆ. ಇಬ್ಬರು ಗೆಳತಿಯರ ಜೊತೆ ಹಿಮಾಲಯದ ಕಡೆ ಸೈಕಲ್ ಮೇಲೆ ಹೋಗುತ್ತಾಳಂತೆ, ಅದೂ ಚಳಿಗಾಲದಲ್ಲಿ. ನಮ್ಮ ಪಡಸಾಲೆಯ ತುಂಬ ಅವಳ ಸರಂಜಾಮು ಹರಡಿತ್ತು. ಸೈಕಲ್ಲಿನ ಹೊಟ್ಟೆಗೆ ಕಟ್ಟುವ ಚೀಲ, ಸೀಟಿನ ಹಿಂದೆ ಕಟ್ಟುವ ಚೀಲ, ಸುತ್ತಿದರೆ ಒಂದು ಸೌತೆಕಾಯಿಯಷ್ಟಾಗುವ ಹಾಸಿಗೆ, ಎರಡು ಜೊತೆ ಕೈಗವಸು. ಕುರ್ಚಿ ಎಳೆದುಕೊಂಡು ನಾನೂ ಅನುಭವಸ್ಥನ ಠೀವಿಯಲ್ಲಿ ಕೂತೆ. ಏಳು ವರ್ಷ ನಾಲ್ಕು ತಾಲ್ಲೂಕು ಸೈಕಲ್ ತುಳಿದವನು ನಾನು, ಸುಮ್ಮನಿರಲಾಗುತ್ತದೆಯೇ? ನಮ್ಮ ಕಾಲದಲ್ಲಿ ಕೈಗೆ ಕಾಲುಚೀಲ ಹಾಕಿಕೊಳ್ಳುತ್ತಿದ್ದೆವು, ಅಂಗಿಯ ಒಳಗೆ ಹಳೇ ಪೇಪರು ಸೇರಿಸಿಕೊಳ್ಳುತ್ತಿದ್ದೆವು ಎಂದು ಶುರು ಮಾಡಿದೆ. ಅವಳು ನಗುತ್ತಲೇ ಹಿಂದಿನ ಗಾಲಿ ಎತ್ತಿ ಹಿಡಿದು, ಒಂದು ಸಣ್ಣ ಬಾಟಲಿಯಿಂದ ಎರಡು ಹನಿ ಬಿಟ್ಟಳು.

"ಚಳಿಯೊಳಗ ದಪ್ಪನ ಎಣ್ಣಿ ಇದ್ರ ಹೆಪ್ಪಗಟ್ತೈತಿ ನೋಡಪ್ಪಾ. ಒಳಗಿನ ಹಲ್ಲು ಕಚ್ಚಂಗಿಲ್ಲ, ಪೆಡಲ್ ಸುಮ್ನ ತಿರಗತಾವು. ನಿನಗ ಇದು ಗೊತ್ತಿತ್ತೇನು?"

ಚಹಾದ ಹೊತ್ತಾಯಿತು ಎಂದು ಎದ್ದುಬಿಟ್ಟೆ. ಅಡುಗೆಮನೆಗೆ ಹೋಗಿ ಒಲೆಯ ಮೇಲೆ ನೀರಿಟ್ಟೆ.

ಗೊತ್ತಿತ್ತು. ಎಪ್ಪತ್ತರ ದಶಕದಿಂದ ಗೊತ್ತಿದೆ.

ಆಗ ನಾವು ಅಕ್ಕಿಆಲೂರಿನಲ್ಲಿದ್ದೆವು. ನಾನು ಮತ್ತು ಫಕೀರಪ್ಪ ಒಂದೇ ಓಣಿಯಲ್ಲಿ ಬೆಳೆದವರು, ಒಟ್ಟಿಗೇ ಕಲಿತು ಒಟ್ಟಿಗೇ ಕೆಲಸವಿಲ್ಲದೆ ಮನೆಯಲ್ಲಿ ಕೂತವರು. ಹತ್ತಿ ಬೀಜದ ಕಂಪನಿಯೊಂದು ಸವಣೂರಿನಲ್ಲಿ ಕಚೇರಿ ತೆರೆದಿತ್ತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕಿನ ಬೀಜದ ಹೊಲಗಳನ್ನು ಸೈಕಲ್ ಮೇಲೆ ತಿರುಗಿ ನೋಡಿ ಬರಲು ಒಬ್ಬ ಮನುಷ್ಯ ಬೇಕಾಗಿದ್ದ. ಗಮನಿಸಿ, ಒಬ್ಬ. ಅರ್ಜಿಗೆ ಬಂದ ಉತ್ತರದಲ್ಲಿದ್ದ ಷರತ್ತು ಬಲು ಸರಳವಾಗಿತ್ತು: ಸ್ವಂತ ಸೈಕಲ್ ಮೇಲೆ, ಊರಿಂದ ತುಳಿದುಕೊಂಡೇ ಬರಬೇಕು, ಹೇಳಿದ ದಿನ ಮುಂಜಾನೆ ಎಂಟೂವರೆಗೆ ಕಚೇರಿಯ ಮುಂದೆ ಇರಬೇಕು. ಗಾಡಿಯನ್ನೂ ಮೇಲಿನ ಸಾಮಾನನ್ನೂ ಸಾಹೇಬರು ಕಣ್ಣಾರೆ ನೋಡುತ್ತಾರೆ.

ನನಗೆ ಆ ನೌಕರಿ ಬೇಕಿತ್ತು. ಫಕೀರಪ್ಪನಿಗೆ ಇನ್ನೂ ಹೆಚ್ಚು ಬೇಕಿತ್ತು. ಆಡೂರಿನ ಒಂದು ಹೆಣ್ಣಿನ ಮೇಲೆ ಅವನ ಮನಸ್ಸಿತ್ತು, ಅವಳಿಗೂ ಇವನ ಮೇಲಿತ್ತು. ಯುಗಾದಿಯೊಳಗೆ ಪಗಾರದ ಕೆಲಸ ಹಿಡಿದರೆ ಮಾತಾಡೋಣ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹುಡುಗಿಯ ಅಪ್ಪ ಹೇಳಿ ಕಳಿಸಿದ್ದ. ಇದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಫಕೀರಪ್ಪ ಎಲ್ಲರಿಗಿಂತ ಮೊದಲು ನನಗೇ ಹೇಳಿದ್ದ.

ಒಂದು ತಿಂಗಳು ನಮ್ಮ ಮಾತೆಲ್ಲ ಸೈಕಲ್ಲಿನದೇ. ನನ್ನದು ನಮ್ಮ ಮಾವ ತುಳಿದು ಬಿಟ್ಟ ಎತ್ತರದ ಡಬಲ್ ಬಾರಿನ ಗಾಡಿ. ಏರಿನಲ್ಲಿ ಕೋಣನ ಹಾಗೆ ಜಗ್ಗುತ್ತಿತ್ತು, ಆದರೆ ಎಷ್ಟು ಭಾರ ಹೇರಿದರೂ ಮಿಸುಕುತ್ತಿರಲಿಲ್ಲ. ಫಕೀರಪ್ಪನದನ್ನು ಸಂತೆ ರಸ್ತೆಯ ಖಾದರಸಾಬ ತನ್ನ ಅಂಗಡಿಯಲ್ಲಿ ಕೂಡಿಸಿಕೊಟ್ಟಿದ್ದ. ಫ್ರೇಮು ಹಳೆಯದು, ಫ್ರೀವೀಲು, ಅಂದರೆ ಹಿಂದಿನ ಗಾಲಿಯಲ್ಲಿ ಚೈನು ಕೂರುವ ಹಲ್ಲಿನ ಚಕ್ರ, ಹೊಸದು. ಖಾದರಸಾಬನ ಕಣ್ಣಲ್ಲಿ ಬಣ್ಣಕ್ಕೆ, ಬೆಲ್ಲಿಗೆ ಬೆಲೆಯಿರಲಿಲ್ಲ. ದೂರ ಹೋಗುವವನು ಮೊದಲು ಹಿಂದಿನ ಗಾಲಿ ನೋಡಬೇಕು, ಆಮೇಲೆ ಕ್ಯಾರಿಯರ್, ಆಮೇಲೆ ಉಳಿದದ್ದು ಎನ್ನುತ್ತಿದ್ದ. ಪಂಪು, ಪಂಕ್ಚರ್ ತಿದ್ದುವ ಸಾಮಾನು, ಒಂದು ಟ್ಯೂಬು, ಕಂಬಳಿ, ಬುತ್ತಿ: ಇದಕ್ಕಿಂತ ಹೆಚ್ಚಿನದನ್ನು ಮನೆಯಲ್ಲೇ ಬಿಡಿರಿ ಎಂದ. ಫಕೀರಪ್ಪ ಕನ್ನಡಿ ಮತ್ತು ಹಣಿಗೆಯನ್ನು ಬಿಡಲು ಒಪ್ಪಲಿಲ್ಲ. ಹೊರಡುವ ಹಿಂದಿನ ದಿನ ಖಾದರಸಾಬ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ ಮಾತು ಇಷ್ಟೇ: "ಹಿಂದಿನ ಗಾಲಿಗೆ ಎಣ್ಣಿ ಬಿಟ್ಟ ಹೊರಡ್ರಿ. ಮಷಿನ್ ಎಣ್ಣೀನ ಬಿಡ್ರಿ, ಬ್ಯಾರೆ ಯಾವುದೂ ಬ್ಯಾಡ."

ಎಣ್ಣೆ ಬಿಡುವ ಕೆಲಸ ನಾನು ಹಚ್ಚಿಕೊಂಡೆ. ನಮ್ಮ ಅಕ್ಕನ ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ ಮನೆಯಲ್ಲಿತ್ತು, ಉದ್ದ ಮೂತಿಯದು. ಮಧ್ಯಾಹ್ನ ಎರಡೂ ಸೈಕಲ್ಲುಗಳನ್ನು ಅಂಗಳದಲ್ಲಿ ಮಲಗಿಸಿಕೊಂಡು ಕೂತೆ. ಫಕೀರಪ್ಪ ಕ್ಷೌರಕ್ಕೆ ಹೋಗಿದ್ದ. ಮೊದಲು ನನ್ನ ಗಾಡಿಗೆ ಬಿಟ್ಟೆ. ಅವನದಕ್ಕೆ ಬಿಡಲು ಹೋದಾಗ ಡಬ್ಬಿ ಪಕ್ ಪಕ್ ಎಂದಿತೇ ಹೊರತು ಹನಿ ಬೀಳಲಿಲ್ಲ. ಖಾದರಸಾಬನ ಅಂಗಡಿ ನೂರು ಹೆಜ್ಜೆ. ಎದ್ದು ಹೋಗಲು ಬೇಸರವಾಯಿತು. ಪಕ್ಕದ ಕಟ್ಟೆಯ ಮೇಲೆ ಅವ್ವನ ಕೊಬ್ಬರಿ ಎಣ್ಣೆಯ ಬಾಟಲಿ ಬಿಸಿಲಿಗೆ ಕೂತಿತ್ತು. ನೀರಿನಷ್ಟು ತೆಳ್ಳಗಿತ್ತು. ತೆಗೆದುಕೊಂಡು ಧಾರಾಳವಾಗಿ ಬಿಟ್ಟೆ, ಗಾಲಿ ತಿರುಗಿಸಿ ನೋಡಿದೆ, ಚೆಂದಾಗಿ ತಿರುಗಿತು.

ಆ ಬಾಟಲಿ ಬಿಸಿಲಿನಲ್ಲಿ ಯಾಕೆ ಕೂತಿತ್ತು? ಮುಂಜಾನೆ ಗಟ್ಟಿಯಾಗಿತ್ತು ಅಂತ. ಅದನ್ನು ಅಲ್ಲಿ ಇಟ್ಟವನು ನಾನೇ, ಅವ್ವ ಹೇಳಿದ್ದಕ್ಕೆ. ಈಗ ನೀವೇ ಹೇಳಿ, ನನಗೆ ಗೊತ್ತಿರಲಿಲ್ಲ ಅನ್ನಲು ಬಾಯಿ ಬರುತ್ತದೆಯೇ? ಇಷ್ಟು ವರ್ಷ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಒಂದೊಂದು ಸಲ ಬರೀ ಸೋಮಾರಿತನ ಅನಿಸುತ್ತದೆ. ಒಂದೊಂದು ಸಲ ಹಾಗೆ ಅನಿಸುವುದಿಲ್ಲ.

ಮೊದಲ ದಿನ ಹಾನಗಲ್ಲು ದಾಟಿ ಶಿಗ್ಗಾಂವಿಗೆ ಬಂದೆವು. ದಾರಿಯುದ್ದಕ್ಕೂ ಬಿಸಿಲಿತ್ತು, ಗಾಡಿಗಳು ಹಗುರಾಗಿ ಓಡಿದವು. ಫಕೀರಪ್ಪ ಕೈ ಬಿಟ್ಟು ತುಳಿಯುತ್ತ, ಮದುವೆಯಾದ ಮೇಲೆ ಹಾನಗಲ್ಲಿನಲ್ಲೇ ಮನೆ ಮಾಡುತ್ತೇನೆ, ನಾಲ್ಕೂ ತಾಲ್ಲೂಕಿಗೆ ಅನುಕೂಲ ಎಂದ. ನೌಕರಿ ತನಗೇ ಎಂದು ಅವನು ಲೆಕ್ಕ ಹಾಕಿಬಿಟ್ಟಿದ್ದ. ನನಗೆ ಸ್ವಲ್ಪ ಉರಿಯಿತು. ಅಂದು ಅವನ ದೊಡ್ಡವ್ವನ ಮನೆಯಲ್ಲಿ ಉಳಿದೆವು. ಎತ್ತು ಕಟ್ಟುವ ಅಂಕಣದಲ್ಲೇ ಸೈಕಲ್ ನಿಲ್ಲಿಸಿದ್ದರಿಂದ ಅವಕ್ಕೂ ಬೆಚ್ಚಗಿತ್ತು.

ಮರುದಿನ ಬೆಳಕು ಹರಿಯುವಾಗ ಹೊರಗೆ ಬಂದರೆ ಮಂಜು. ಹತ್ತು ಮಾರು ಮುಂದಿನದು ಕಾಣುತ್ತಿರಲಿಲ್ಲ, ಮೂಗಿನ ತುದಿ ಮರಗಟ್ಟಿತ್ತು. ಕೈಗೆ ಕಾಲುಚೀಲ ಏರಿಸಿ, ತಲೆಗೆ ಮಫ್ಲರ್ ಸುತ್ತಿ ಸವಣೂರಿನ ದಾರಿ ಹಿಡಿದೆವು. ಸೈಕಲ್ ತುಳಿದವರಿಗೆ ಗೊತ್ತು, ಇಳಿಜಾರಿನಲ್ಲಿ ತುಳಿಯುವುದು ಬಿಟ್ಟರೆ ಫ್ರೀವೀಲು ಟಿಕ್ ಟಿಕ್ ಎನ್ನುತ್ತದೆ. ಒಳಗಿನ ಸಣ್ಣ ಹಲ್ಲುಗಳು ಎದ್ದು ಬಿದ್ದು ಮಾಡುವ ಸದ್ದು ಅದು. ಮೊದಲ ಇಳಿಜಾರಿನಲ್ಲಿ ಎರಡೂ ಗಾಡಿ ಟಿಕ್ ಟಿಕ್ ಎಂದವು. ಎರಡನೆಯದರಲ್ಲಿ ನನ್ನದು ಗಟ್ಟಿಯಾಗಿ, ಅವನದು ತೀರಾ ಮೆಲ್ಲಗೆ. ಮೂರನೆಯದರಲ್ಲಿ ನನ್ನದೊಂದೇ.

"ನನ್ನ ಗಾಡಿ ಸದ್ದ ಮಾಡವಲ್ದು ನೋಡು. ಖಾದರಸಾಬ ಭಾರಿ ಕೂಡಿಸ್ಯಾನ," ಎಂದು ಫಕೀರಪ್ಪ ಖುಷಿಪಟ್ಟ.

ನನಗೆ ಕಟ್ಟೆಯ ಮೇಲಿನ ಬಾಟಲಿ ನೆನಪಾಯಿತು. ಇಳಿಜಾರು ಮುಗಿದು ಏರು ಶುರುವಾದಾಗ ಅವನು ತುಳಿದ. ಪೆಡಲ್ ಗರಗರ ತಿರುಗಿತು, ಗಾಲಿ ತಿರುಗಲಿಲ್ಲ. ಮತ್ತೆ ತುಳಿದ, ನಿಂತು ತುಳಿದ. ಇಳಿದು ಚೈನು ನೋಡಿದ, ಚೈನು ಸರಿಯಾಗಿತ್ತು. ನಾನೂ ಇಳಿದು ಬಗ್ಗಿದೆ. ಫ್ರೀವೀಲಿನ ಸಂದಿಯಲ್ಲಿ ಬೆಳ್ಳನೆಯ ಒಂದು ಗೆರೆ ಕಟ್ಟಿತ್ತು. ಅವನು ಅದನ್ನು ಕೆಸರು ಅಂದುಕೊಂಡು ಬೆರಳಿನಿಂದ ಒರೆಸಿದ. ಚಳಿಗೆ ಮೂಗು ಕಟ್ಟಿದ್ದರಿಂದ ಅವನಿಗೆ ವಾಸನೆ ಬರಲಿಲ್ಲ.

ನನಗೆ ಎಲ್ಲ ಅರ್ಥವಾಗಿತ್ತು. ಪರಿಹಾರವೂ ಗೊತ್ತಿತ್ತು. ಎರಡು ಹಿಡಿ ಒಣ ಕಸ ಒಟ್ಟಿ ಬೆಂಕಿ ಮಾಡಿ ಗಾಲಿಯ ನಡುವನ್ನು ಕಾಯಿಸಿದರೆ ಐದು ನಿಮಿಷದಲ್ಲಿ ಎಣ್ಣೆ ಕರಗುತ್ತಿತ್ತು, ಹಲ್ಲು ಕಚ್ಚುತ್ತಿತ್ತು. ಆದರೆ ಕಾಯಿಸು ಎಂದರೆ ಯಾಕೆ ಎನ್ನುತ್ತಾನೆ. ಯಾಕೆ ಎಂದರೆ ಹೇಳಬೇಕು.

ಫಕೀರಪ್ಪ ಸೈಕಲ್ಲಿಗೆ ಒರಗಿ ನಿಂತು ಒಂದು ಬೀಡಿ ತೆಗೆದ. ಕಡ್ಡಿ ಕೊರೆದು ಹಚ್ಚಿದ. ಅವನ ಬೊಗಸೆಯಲ್ಲಿದ್ದ ಆ ಬೆಂಕಿಯನ್ನು ನಾನು ನೋಡುತ್ತಲೇ ನಿಂತೆ. ಕಡ್ಡಿ ಬೆರಳಿಗೆ ಹತ್ತುವ ತನಕ ಹಿಡಿದು, ಆಮೇಲೆ ಹುಲ್ಲಿಗೆ ಎಸೆದ.

"ಇಬ್ರೂ ತಡಾ ಆದ್ರ ಇಬ್ರಿಗೂ ಇಲ್ಲ. ನೀ ನಡಿ," ಎಂದ. "ನಾ ನೂಕ್ಕೋಂತ ಬರ್ತೇನಿ. ಸಾಹೇಬರಿಗೆ ಹೇಳು, ಫಕೀರಪ್ಪ ಬರಾಕತ್ತಾನ ಅಂತ."

ನಾನು ನಡೆದೆ. ಸೈಕಲ್ ಹತ್ತಿ ಏರು ತುಳಿದೆ. ಇಳಿಜಾರು ಬಂದಲ್ಲೆಲ್ಲ ನನ್ನ ಫ್ರೀವೀಲು ಟಿಕ್ ಟಿಕ್ ಎಂದಿತು. ಆ ಸದ್ದು ಕೇಳಬಾರದೆಂದು ಇಳಿಜಾರಿನಲ್ಲೂ ತುಳಿದೆ. ಎಣ್ಣೆಯ ಮಟ್ಟಿಗೆ ನಾನು ಸೋಮಾರಿ ಎಂದು ತಪ್ಪಿಸಿಕೊಳ್ಳಬಹುದು. ಆ ಏರಿನ ಬುಡದಲ್ಲಿ ನಾನು ಸೋಮಾರಿಯಾಗಿರಲಿಲ್ಲ, ಕೆಟ್ಟವನಾಗಿದ್ದೆ.

ಎಂಟೂವರೆಗೆ ಹತ್ತು ನಿಮಿಷ ಇರುವಾಗ ಸವಣೂರು ಮುಟ್ಟಿದೆ. ಸಾಹೇಬರು ಗಾಡಿ ಅಲುಗಿಸಿ ನೋಡಿದರು, ಬ್ರೇಕು ಹಿಡಿದು ನೋಡಿದರು, ಪಂಪು ಇದೆಯೇ ಎಂದು ಕೇಳಿ, ನೌಕರಿಗೆ ನನ್ನ ಹೆಸರು ಬರೆದುಕೊಂಡರು. ಫಕೀರಪ್ಪ ಬರಾಕತ್ತಾನ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಹತ್ತರ ಸುಮಾರಿಗೆ ಅವನು ಬಂದ. ನೂಕಿಕೊಂಡಲ್ಲ, ತುಳಿದುಕೊಂಡೇ ಬಂದ. ಬಿಸಿಲು ಏರಿದ ಮೇಲೆ ಗಾಡಿ ತಾನೇ ಸರಿಹೋಯಿತಂತೆ. ಬೆವರು ಒರೆಸಿಕೊಳ್ಳುತ್ತ ನನ್ನ ಮುಖ ನೋಡಿ, "ಹೋಗ್ಲಿ ಬಿಡು, ನಮ್ಮಿಬ್ರಾಗ ಒಬ್ಬಗರ ಆತಲ್ಲ," ಎಂದ. ನನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಅವನಿಗೆ ಕೊಟ್ಟೆ. ಅವನು ತಿಂದ, ನಾನು ನನ್ನ ಪಾಲನ್ನು ಮತ್ತೆ ಕಟ್ಟಿಟ್ಟೆ.

ಯುಗಾದಿಯ ಹೊತ್ತಿಗೆ ಆಡೂರಿನ ಹೆಣ್ಣನ್ನು ಬೇರೆ ಕಡೆ ಕೊಟ್ಟರು.

ಫಕೀರಪ್ಪ ನನ್ನ ಮೇಲೆ ಸಿಟ್ಟಾಗಲಿಲ್ಲ. ಅವನ ಸಿಟ್ಟೆಲ್ಲ ಖಾದರಸಾಬನ ಮೇಲೆ ತಿರುಗಿತು. ಹೊಸದೆಂದು ಹೇಳಿ ಹಳೇ ಫ್ರೀವೀಲು ಕೂಡಿಸಿದ, ನನ್ನ ಬಾಳೇವು ಕೆಡಿಸಿದ ಎಂದು ಸಂತೆಯ ನಡುವೆ ನಿಂತು ಆಡಿದ. ಖಾದರಸಾಬ ಆ ಸೈಕಲ್ಲನ್ನು ಅಂಗಡಿಗೆ ತರಿಸಿಕೊಂಡ. ಗಾಲಿ ಬಿಚ್ಚಿ, ಫ್ರೀವೀಲು ತೆಗೆದು ದೀಪಕ್ಕೆ ಹಾಕುವ ಚಿಮಣಿ ಎಣ್ಣೆಯಲ್ಲಿ ತೊಳೆಯಲು ಕೂತ. ತೊಳೆಯುವ ಮೊದಲು ಅದನ್ನು ಮೂಗಿನ ಹತ್ತಿರ ಹಿಡಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕೇಳಿದ: "ಯಾವ ಎಣ್ಣಿ ಬಿಟ್ಟಿದ್ರಿ?"

"ಮಷಿನ್ ಎಣ್ಣಿ," ಎಂದೆ.

ಅವನು ನನ್ನನ್ನೇ ನೋಡಿದ. ನಾನು ಬಾಯಿ ಬಿಡುತ್ತೇನೇನೋ ಎಂದು ಕಾಯುತ್ತಿದ್ದ ಹಾಗಿತ್ತು. ಫಕೀರಪ್ಪ ಪಕ್ಕದಲ್ಲೇ ಇದ್ದ. ಕಡೆಗೆ ಖಾದರಸಾಬ ಬಟ್ಟೆಗೆ ಕೈ ಒರೆಸಿಕೊಂಡು, ಹೊಸ ಫ್ರೀವೀಲು ಹಾಕಿಕೊಡುತ್ತೇನೆ ಎಂದಷ್ಟೇ ಹೇಳಿದ. ಫಕೀರಪ್ಪ ಬೇಡವೆಂದ. ಆಮೇಲೆ ಅವನು ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಎದುರಿಗೆ ಸಿಕ್ಕರೂ ಮುಖ ತಿರುಗಿಸಿದ. ಎಂಬತ್ತರ ದಶಕ ಕಳೆದರೂ ಖಾದರಸಾಬ ಮೋಸ ಮಾಡಿದ ಎಂಬ ಆ ಮಾತು ಊರಲ್ಲಿ ಸಾಯಲಿಲ್ಲ. ಖಾದರಸಾಬ ತೀರಿಕೊಂಡಾಗ ಮಣ್ಣಿಗೆ ನಾನು ಹೋಗಿದ್ದೆ. ಫಕೀರಪ್ಪ ಬಂದಿರಲಿಲ್ಲ.

ಮೊನ್ನೆ ಮಗಳು ಚೀಲಗಳನ್ನು ಕಟ್ಟಿಕೊಂಡು ಹೋದ ಮೇಲೆ ಕಟ್ಟೆಯ ಮೇಲೆ ಕೂತು ಫಕೀರಪ್ಪನಿಗೆ ಫೋನು ಹಚ್ಚಿದೆ. ಅವನಿಗೆ ಈಗ ಮೊಮ್ಮಕ್ಕಳಿದ್ದಾರೆ. ಅಕ್ಕಿಆಲೂರಿನಲ್ಲೇ ಅಕ್ಕಿ ಗಿರಣಿಯಲ್ಲಿ ದುಡಿದು, ಬೇರೆ ಒಳ್ಳೆಯ ಹೆಣ್ಣನ್ನೇ ಮದುವೆಯಾಗಿ ಚೆನ್ನಾಗಿಯೇ ಬಾಳಿದ್ದಾನೆ. ಇದರಿಂದ ನನಗೆ ಸಮಾಧಾನವಾಗಬೇಕಿತ್ತು, ಆಗಿರಲಿಲ್ಲ. ಎಲ್ಲ ಹೇಳಿದೆ. ಡಬ್ಬಿ, ಬಾಟಲಿ, ಬೆಳ್ಳನೆಯ ಗೆರೆ, ಅವನ ಕಡ್ಡಿಪೆಟ್ಟಿಗೆ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನಂದು ಹೋಗ್ಲಿ," ಎಂದ ಫಕೀರಪ್ಪ. "ಖಾದರಸಾಬಗ ಈಗ ಯಾರ ಹೇಳೋರು?"

"ಅವಗ ಗೊತ್ತಿತ್ತು," ಎಂದೆ.

ಫೋನು ಇಟ್ಟುಬಿಟ್ಟ.

ಖಾದರಸಾಬನ ಮಗ ಈಗಲೂ ಅದೇ ಅಂಗಡಿ ನಡೆಸುತ್ತಾನೆ. ಮರುದಿನ ಮತ್ತೆ ಫೋನು ಹಚ್ಚಿ, ನಾಳೆ ಮೊದಲ ಬಸ್ಸಿಗೆ ಅಕ್ಕಿಆಲೂರಿಗೆ ಬಂದು ಆ ಮಗನ ಮುಂದೆ, ಸಂತೆಯ ದಿನವೇ, ಎಲ್ಲರ ಎದುರಿಗೆ ಹೇಳುತ್ತೇನೆ ಎಂದು ಫಕೀರಪ್ಪನಿಗೆ ತಿಳಿಸಿದೆ. ಅವನು ಹ್ಞೂಂ ಎಂದ. ಬಸ್‌ಸ್ಟ್ಯಾಂಡಿಗೆ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಇವತ್ತು ಮುಂಜಾನೆ ನನ್ನಾಕೆಗಿಂತ ಮೊದಲು ಎದ್ದು, ಎಣ್ಣೆಯ ಬಾಟಲಿಯನ್ನು ನಾನೇ ಕಟ್ಟೆಯ ಮೇಲೆ ಇಟ್ಟೆ. ಬಿಸಿಲು ಇನ್ನೂ ಬಂದಿಲ್ಲ. ಮಫ್ಲರ್ ಸುತ್ತಿಕೊಂಡು ಬಸ್ಸಿಗೆ ಹೊರಟಿದ್ದೇನೆ.