ಅರವತ್ತೆರಡು ಕೆಂಪು ಮನೆಗಳು

ನಗರಸಭೆ ಕಟ್ಟಡದ ನೆಲಮಾಳಿಗೆಯಲ್ಲಿ ಕಿಟಕಿ ಇಲ್ಲದ ಒಂದು ಕೋಣೆಯಿದೆ. ಮೂರು ಫೋನು, ಒಂದು ದಪ್ಪ ರಿಜಿಸ್ಟರು, ಗೋಡೆಯ ಮೇಲೆ ನಗರದ ನಕ್ಷೆ. ಮೂಲೆಯಲ್ಲಿ ಸುಣ್ಣ ಉದುರಿ ಪಾಚಿ ಹಿಡಿದಿದೆ. ನೆರೆ ಬಂದಾಗ ಜನ ಫೋನು ಮಾಡಬೇಕಾದ ನಿಯಂತ್ರಣ ಕೊಠಡಿಯನ್ನು ನೀರು ಮೊದಲು ನುಗ್ಗುವ ಜಾಗದಲ್ಲೇ ಇಟ್ಟ ಮಹಾನುಭಾವ ಯಾರೆಂದು ಗೊತ್ತಿಲ್ಲ. ಸಿಕ್ಕಿದ್ದರೆ ಒಂದು ಮಳೆಗಾಲ ಪೂರ್ತಿ ಅಲ್ಲೇ ಕೂರಿಸುತ್ತಿದ್ದೆವು.

ಅಲ್ಲಿ ಹದಿನಾಲ್ಕು ವರ್ಷದಿಂದ ಗುತ್ತಿಗೆಯ ಮೇಲೆ ಫೋನು ಎತ್ತುತ್ತಿದ್ದವಳನ್ನು ಅವಳ ಓಣಿಯವರಾದ ನಾವು ಫೋನಕ್ಕ ಎಂದೇ ಕರೆಯುತ್ತಿದ್ದೆವು. ಎಲ್ಲಿಂದ ಮಾತಾಡ್ತಿದ್ದೀರಿ, ಮನೆಯಲ್ಲಿ ಎಷ್ಟು ಜನ, ನಡೆಯಲು ಆಗದವರು ಯಾರಾದರೂ ಇದ್ದಾರಾ ಎಂದು ಕೇಳಿ, ಬರೆದು, ಚೀಟಿಯನ್ನು ಮೇಲಿನ ಮಹಡಿಗೆ ಕಳಿಸುವುದು ಅವಳ ಕೆಲಸ. ಮೇಲಿನವರು ದೋಣಿ ಕಳಿಸಿದರೋ ಇಲ್ಲವೋ ಅವಳಿಗೆ ಯಾರೂ ಹೇಳುತ್ತಿರಲಿಲ್ಲ. ಫೋನು ಮಾಡಿದವರೇ ಮತ್ತೆ ಮಾಡಿ ಬೈದರೆ, ದೋಣಿ ಹೋಗಿಲ್ಲ ಎಂದು ತಿಳಿಯುತ್ತಿತ್ತು. ಬೈಗುಳ ಬರದಿದ್ದ ದಿನ, ದೋಣಿ ಹೋಯಿತೋ ಬೈಯುವವರೇ ಉಳಿಯಲಿಲ್ಲವೋ ತಿಳಿಯದೆ, ಅವಳಿಗೆ ಊಟ ಸೇರುತ್ತಿರಲಿಲ್ಲ.

ಆ ಕೋಣೆಯಿಂದ ಹೊರಬರಲು ಅವಳಿಗಿದ್ದ ದಾರಿ ಒಂದೇ. ಸಮುದಾಯ ಅಭಿವೃದ್ಧಿ ಮತ್ತು ವಿಪತ್ತು ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಮಾಡಿದವರು ಕ್ಷೇತ್ರ ಅಧಿಕಾರಿಯ ಕಾಯಂ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಆ ಹುದ್ದೆಯಲ್ಲಿ ಕೂತರೆ ದೋಣಿ ಯಾವ ಮನೆಗೆ ಹೋಗಬೇಕು ಎಂದು ತಾನೇ ಹೇಳಬಹುದು. ದೂರದ ಒಂದು ವಿಶ್ವವಿದ್ಯಾಲಯ ಅದನ್ನು ಆನ್‌ಲೈನ್‌ನಲ್ಲಿ ಕಲಿಸುತ್ತಿತ್ತು. ಎರಡು ವರ್ಷದ ಓದು. ಎಳೆದಾಡಿದರೂ ನಾಲ್ಕು ವರ್ಷದೊಳಗೆ ಮುಗಿಸಬೇಕು, ಇಲ್ಲದಿದ್ದರೆ ಎಲ್ಲ ರದ್ದು. ನಲವತ್ತೆರಡನೇ ವಯಸ್ಸಿನಲ್ಲಿ ಅವಳು ಸೇರಿಕೊಂಡಳು.

ಅವಳ ಮನೆ ದೊಡ್ಡ ಮೋರಿಗೂ ರೈಲು ದಿಬ್ಬಕ್ಕೂ ನಡುವೆ ಸಿಕ್ಕಿಕೊಂಡ ಓಣಿಯಲ್ಲಿ. ಇದ್ದದ್ದು ಒಂದು ಕೋಣೆ, ಒಂದು ಅಡುಗೆ ಮೂಲೆ. ಕೋಣೆಯ ಅರ್ಧ ಅತ್ತೆಯ ಮಂಚಕ್ಕೆ. ಸೊಂಟ ಮುರಿದ ಮುದುಕಿ ಆರು ವರ್ಷದಿಂದ ಆ ಮಂಚ ಬಿಟ್ಟು ಇಳಿದಿರಲಿಲ್ಲ, ನಾಲಿಗೆ ಮಾತ್ರ ಓಣಿಯೆಲ್ಲ ಓಡಾಡುತ್ತಿತ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಮ್ಮಿ, ಗೊರಕೆ ಜಾಸ್ತಿ. ಸಂಜೆ ಆರಕ್ಕೆ ಕ್ಲಾಸು. ಅವಳು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂರುತ್ತಿದ್ದಳು. ಕ್ಯಾಮೆರಾ ಹಾಕುತ್ತಿರಲಿಲ್ಲ, ಹಾಕಿದರೆ ಹಿಂದೆ ಮುದುಕಿಯ ಪಾದ ಕಾಣುತ್ತಿತ್ತು.

ಒಂದು ಸಂಜೆ ಪಾಠ ಮಾಡುವ ಮೇಡಂ ಕೇಳಿದರು: "ಯಾರಾದ್ರೂ ಹೇಳಿ ನೋಡೋಣ, ವಿಪತ್ತು ಅಂದ್ರೆ ಏನು?"

ಫೋನಕ್ಕ ಮೈಕು ಒತ್ತಿದ್ದೇ ತಡ, ಮಂಚದಿಂದ ದನಿ ಬಂತು: "ನನ್ನ ಮಗ!"

ನಲವತ್ತು ಜನ ನಕ್ಕರು. ಮೇಡಮ್ಮೂ ನಕ್ಕರು.

"ಅತ್ತೇ, ಸ್ವಲ್ಪ ಸುಮ್ನಿರಿ. ಪರೀಕ್ಷೆಗೆ ಬರೋ ಪ್ರಶ್ನೆ ಅದು."

"ಹಂಗಾದ್ರೆ ಅದನ್ನೇ ಬರಿ. ಬಂದ ಮಾರ್ಕ್ಸ್‌ನಲ್ಲಿ ಅರ್ಧ ನಂಗೆ."

ಹೀಗೆ ಓದಿದಳು. ಒಂದು ವರ್ಷ ಮುದುಕಿಯ ಆಸ್ಪತ್ರೆ ಓಡಾಟಕ್ಕೆ ಹೋಯಿತು. ಇನ್ನೊಂದು ವರ್ಷ ನೆರೆ ಬಂದು, ಎರಡು ಪಾಳಿ ಕೆಲಸ ಬಿದ್ದು, ಪರೀಕ್ಷೆ ತಪ್ಪಿತು. ನೆರೆ ನಿರ್ವಹಣೆಯ ಪರೀಕ್ಷೆ ನೆರೆಯಿಂದಾಗಿ ತಪ್ಪಿತು ಎಂದು ಪತ್ರ ಬರೆದರೆ, ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿ ಎಂದು ಉತ್ತರ ಬಂತು. ನಾಲ್ಕನೇ ವರ್ಷದ ಕೊನೆಯ ಸೆಮಿಸ್ಟರಿಗೆ ಬರುವಷ್ಟರಲ್ಲಿ ಬಾಕಿ ಉಳಿದದ್ದು ಒಂದೇ ಒಂದು ಪ್ರಾಜೆಕ್ಟು. ಒಂದು ಸಮುದಾಯ ಆರಿಸಿಕೊಂಡು, ಅಲ್ಲಿನ ಜನರ ಕೈಯಲ್ಲೇ ಅಪಾಯದ ನಕ್ಷೆ ಮಾಡಿಸಬೇಕು. ಪ್ರತಿ ಮನೆಗೂ ಹಸಿರು, ಹಳದಿ, ಕೆಂಪು, ಮೂರರಲ್ಲಿ ಒಂದು ಬಣ್ಣ. ಅವಳು ತನ್ನ ಓಣಿಯನ್ನೇ ಆರಿಸಿಕೊಂಡಳು. ಬೇರೆ ಕಡೆ ಹೋಗಿ ಬರಲು ಅವಳಿಗೆ ಪುರುಸೊತ್ತು ಎಲ್ಲಿತ್ತು?

ಒಂದು ಭಾನುವಾರ ನಲ್ಲಿಯ ಮುಂದಿನ ಬಯಲಲ್ಲಿ ಸುಣ್ಣದ ಪುಡಿಯಿಂದ ಓಣಿಯನ್ನು ಬರೆದಳು. ಮನೆಗೊಂದರಂತೆ ಅರವತ್ತೆರಡು ಇಟ್ಟಿಗೆ ಚೂರು ಇಟ್ಟಳು. ಕೈಯಲ್ಲಿ ಬಣ್ಣದ ಕಾಗದದ ತುಂಡುಗಳು. ಜನ ಸೇರಿದರು. "ಕೆಂಪು ಅಂದ್ರೆ ದೋಣಿ ಮೊದಲು ಬರಬೇಕಾದ ಮನೆ," ಎಂದು ವಿವರಿಸಿದಳು. ಪುಸ್ತಕದಲ್ಲಿ ಇದ್ದದ್ದೂ ಅದೇ.

ಅಷ್ಟು ಸಾಕಾಯಿತು. ಹಿಂದಿನ ನೆರೆಯಲ್ಲಿ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಹೊದಿಕೆ, ಅಕ್ಕಿ, ಸೀಮೆಎಣ್ಣೆ ಸಿಕ್ಕಿತ್ತು. ಪಟ್ಟಿ ಎಂದರೆ ಸಿಗುವುದು, ಪಟ್ಟಿಯಿಂದ ಹೊರಗೆ ಎಂದರೆ ಬಾಯಿ ಬಾಯಿ ಬಿಡುವುದು, ಇಷ್ಟು ಓಣಿಯ ಕೂಸಿಗೂ ಗೊತ್ತು. ಓಣಿಯ ತಲೆಯಲ್ಲಿ, ಏರಿನ ಮೇಲೆ ಮನೆಯಿದ್ದ ಟೈಲರಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಫೋನಕ್ಕಾ, ನಮ್ಮನೆಗ್ಯಾಕೆ ಹಸಿರು?"

"ನಿಮ್ಮ ಮನೆ ಎತ್ತರದಲ್ಲಿದೆ ಟೈಲರಮ್ಮ. ನೀರು ನಿಮ್ಮ ಮೆಟ್ಟಿಲಿಗೂ ಮುಟ್ಟಿಲ್ಲ."

"ಮುಟ್ಟಿಲ್ಲ ಅಂದ್ರೆ ಮುಟ್ಟಲ್ಲ ಅಂತ ಬರ್ಕೊಟ್ಟಿದ್ಯಾ? ನಿನ್ನ ಮನೆಗೆ ಕೆಂಪು, ನಮಗೆ ಹುಲ್ಲಿನ ಬಣ್ಣ. ನಾವೇನು ಮೇಯೋಕೆ ಹೋಗ್ಬೇಕಾ?"

ಲಾರಿ ಅಜ್ಜ ಕೋಲೂರಿಕೊಂಡು ಮುಂದೆ ಬಂದ. "ನಂಗೆ ಎರಡು ಕೆಂಪು ಹಾಕಮ್ಮಾ. ಮಂಡಿನೋವು ಬೇರೆ ಇದೆ."

ಬಿಸಿಲು ಇಳಿಯುವಷ್ಟರಲ್ಲಿ ಅರವತ್ತೆರಡು ಇಟ್ಟಿಗೆಯ ಮೇಲೂ ಕೆಂಪು ಕಾಗದ. ಎಲ್ಲರೂ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಫೋನಕ್ಕನಿಗೆ ಒಳಗೊಳಗೇ ಅಳುಕು ಇತ್ತು. ಆದರೆ ಅನುಮಾನವಿದ್ದರೆ ಹೆಚ್ಚಿನ ಅಪಾಯವನ್ನೇ ಬರೆಯಿರಿ ಎಂದು ಪುಸ್ತಕವೂ ಹೇಳಿತ್ತು. ಜತೆಗೆ ವರ್ಷಗಟ್ಟಲೆ ದೋಣಿ ಹೋಗದ ಮನೆಗಳ ವಿಳಾಸ ಬರೆದ ಕೈ ಅದು. ಒಂದು ಓಣಿಗೆ ಪೂರ್ತಿ ದೋಣಿ ಬಂದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡಳು.

ಪ್ರಾಜೆಕ್ಟಿಗೆ ಸ್ಥಳೀಯ ಆಡಳಿತದ ಮುದ್ರೆ ಬೇಕಿತ್ತು. ಮೇಲಿನ ಮಹಡಿಯ ಎಂಜಿನಿಯರನ ಬಳಿ ಹೋದಳು. ಮೋರಿಯ ಪಕ್ಕದಲ್ಲಿ ಅಗಲವಾದ ರಸ್ತೆ ಮಾಡಬೇಕೆಂದು ಆ ಮನುಷ್ಯ ಹತ್ತು ವರ್ಷದಿಂದ ಬಾಯಿ ಚಪ್ಪರಿಸುತ್ತಿದ್ದ. ಹಾಳೆ ಮಗುಚಿ ನೋಡಿದ.

"ಎಲ್ಲಾ ಕೆಂಪಾ?"

"ಹೌದು ಸಾರ್."

"ಜನಾನೇ ಹೇಳಿದ್ದಾ?"

"ಜನಾನೇ ಸಾರ್. ಸಹಿ ಇದೆ."

"ಭೇಷ್. ಒಂದು ಪ್ರತಿ ಇಲ್ಲೇ ಇರಲಿ ಅಮ್ಮ."

ಮುದ್ರೆ ಬಿತ್ತು. ತಿಂಗಳು ತುಂಬುವ ಮೊದಲು ಅರವತ್ತೆರಡು ಬಾಗಿಲಿಗೂ ನೋಟಿಸು ಬಿತ್ತು. ನಿಮ್ಮ ಮನೆ ವಾಸಕ್ಕೆ ಯೋಗ್ಯವಲ್ಲವೆಂದು ನೀವೇ ಸಹಿ ಮಾಡಿ ಒಪ್ಪಿದ್ದೀರಿ, ತೆರವು ಏಕೆ ಮಾಡಬಾರದು, ವಿಚಾರಣೆಗೆ ಬಂದು ಹೇಳಿ ಎಂದು.

ಓಣಿ ಉಳಿಸುವ ಸಮಿತಿಯಲ್ಲಿ ನಾವು ಇಪ್ಪತ್ತು ವರ್ಷ ಮಣ್ಣು ಹೊತ್ತವರು. ಮೂರು ಸಲ ಮನೆ ಒಡೆಯಲು ಬಂದ ಯಂತ್ರಗಳ ಮುಂದೆ ಮಲಗಿ ವಾಪಸ್ ಕಳಿಸಿದ್ದೆವು. ನಮ್ಮದೇ ಹೆಬ್ಬೆಟ್ಟು ಹಿಡಿದುಕೊಂಡು ಸರ್ಕಾರ ಬಂದದ್ದು ಅದೇ ಮೊದಲು. ಸಭೆ ಸೇರಿಸಿದೆವು. ಟೈಲರಮ್ಮ ಎಲ್ಲರಿಗಿಂತ ಜೋರು: "ನಮ್ಮನ್ನ ಕುರಿ ತರ ಸಾಲಾಗಿ ನಿಲ್ಸಿ ಕೆಂಪು ಬಳಿದ್ಲು ಇವಳು! ಓದ್ತಾಳಂತೆ, ಓದು!" ಕೆಂಪು ಬೇಕೆಂದು ಹಟ ಹಿಡಿದವರು ಯಾರು ಎಂದು ಯಾರೂ ಕೇಳಲಿಲ್ಲ. ಗೊತ್ತಿದ್ದ ನಾನೂ ಕೇಳಲಿಲ್ಲ, ಕೇಳಿದ್ದರೆ ಸಭೆ ಒಡೆಯುತ್ತಿತ್ತು.

ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ: "ವಿಚಾರಣೇಲಿ ಒಂದೇ ಮಾತು ಹೇಳು. ನಕ್ಷೆ ಪೂರ್ತಿ ಸುಳ್ಳು, ಕೂತಲ್ಲೇ ಬರೆದೆ ಅಂತ. ಅಲ್ಲಿಗೆ ಅವರ ಕೇಸು ಮಕಾಡೆ."

"ಹಂಗಂದ್ರೆ ನನ್ನ ಪ್ರಾಜೆಕ್ಟು ತಿಪ್ಪೆಗೆ ಅಣ್ಣ. ಇದೇ ಕೊನೇ ಸೆಮಿಸ್ಟರು."

"ಓಣಿ ದೊಡ್ಡದಾ, ಡಿಗ್ರಿ ದೊಡ್ಡದಾ?"

"ಓಣೀನೇ. ಅದಕ್ಕಲ್ಲ ನಾನು ಹೇಳಿದ್ದು. ಪೂರ್ತಿ ಸುಳ್ಳಲ್ಲವಲ್ಲ ಅಣ್ಣ ಅದು. ಮೋರಿ ಕಡೆಯ ಇಪ್ಪತ್ತಮೂರು ಮನೆ ನಿಜವಾಗ್ಲೂ ಕೆಂಪು. ಹೊಸ್ತಿಲು ಹೊಸ್ತಿಲು ಅಳೆದಿದ್ದೀನಿ. ಮುಂದಿನ ಸಲ ತುಂಬಿದ್ರೆ ಅತ್ತೆ ಮಂಚ ತೇಲುತ್ತೆ. ಫೋನು ಬರೋದು ನಂಗೇ."

"ಇಪ್ಪತ್ತಮೂರು ಅಂತ ಬಾಯಿ ಬಿಟ್ಟೆಯೋ, ಅಷ್ಟೂ ಮನೆ ಕಿತ್ಕೊಂಡು ಹೋಗ್ತಾರೆ."

"ಸುಳ್ಳು ಅಂತ ಹೇಳಿದ್ರೆ?"

"ಒಬ್ಬರೂ ಎದ್ದೇಳಬೇಕಾಗಿಲ್ಲ."

"ನೀರು ಬಂದಾಗ್ಲೂ?"

ಮೊದಲು ಮನೆ ಉಳಿಯಲಿ, ನೀರಿನ ಮಾತು ಆಮೇಲೆ ಎಂದು ಇಪ್ಪತ್ತು ವರ್ಷ ನಾವು ಮುಂದಕ್ಕೆ ತಳ್ಳಿದ ಪ್ರಶ್ನೆ ಅದು.

ಮೇಲಿನ ಮಹಡಿಯಿಂದಲೂ ಕರೆ ಬಂತು. ಎಂಜಿನಿಯರ್ ಕುರ್ಚಿ ತೋರಿಸಿದ. ಹದಿನಾಲ್ಕು ವರ್ಷದಲ್ಲಿ ಆ ಕಟ್ಟಡದಲ್ಲಿ ಅವಳಿಗೆ ಯಾರಾದರೂ ಕುರ್ಚಿ ತೋರಿಸಿದ್ದು ಅದೇ ಮೊದಲ ಸಲ. "ನಕ್ಷೆ ಸರಿಯಿದೆ ಅಂತ ಒಂದು ಮಾತು ಹೇಳಿ, ಸಾಕು. ನಿಮ್ಮ ವಿಶ್ವವಿದ್ಯಾಲಯಕ್ಕೆ ನಾನೇ ಹೊಗಳಿ ಬರೀತೀನಿ. ಕ್ಷೇತ್ರ ಅಧಿಕಾರಿ ಹುದ್ದೆ ಖಾಲಿ ಇದೆ, ನೋಡಿ. ಪಕ್ಕದ ರೂಮೇ. ಗಾಳಿ ಬೆಳಕು ಚೆನ್ನಾಗಿದೆ."

ಸರಿ ಎಂದರೆ ಪದವಿ, ಹುದ್ದೆ, ಮತ್ತು ಅರವತ್ತೆರಡು ಮನೆ ನೆಲಸಮ. ಸುಳ್ಳು ಎಂದರೆ ಓಣಿ ಉಳಿಯಿತು, ಓದು ಸತ್ತಿತು, ಇಪ್ಪತ್ತಮೂರು ಮನೆಯವರು ಮೋರಿಯ ಬಾಯಲ್ಲೇ ಉಳಿದರು. ಯಾವ ಕಡೆ ತಿರುಗಿದರೂ ಗೋಡೆ. ಮನೆಯಲ್ಲಿ ಗಂಡ ಅಪರೂಪಕ್ಕೆ ಬಾಯಿ ಬಿಟ್ಟ.

"ಏನು ಹೇಳ್ತೀಯ?"

"ಗೊತ್ತಿಲ್ಲ."

"ನಾಳಿದ್ದು ಹೇಳ್ಬೇಕಲ್ಲ."

"ಅದೂ ಗೊತ್ತು."

ಮಾರನೇ ದಿನ ಕೆಲಸಕ್ಕೆ ಹೋಗುವ ಮುಂಚೆ ಅವಳು ಟೇಪು ಹಿಡಿದು ಮತ್ತೆ ಓಣಿ ಅಳೆಯಲು ಹೊರಟಳು. ಹಳೆಯ ನೆರೆಯ ಕಲೆ ಗೋಡೆಯಲ್ಲಿ ಎಷ್ಟು ಎತ್ತರ, ಹೊಸ್ತಿಲು ಎಷ್ಟು, ನೆಲ ಯಾವ ಕಡೆ ಇಳಿಜಾರು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಟೈಲರಮ್ಮ ಮೆಟ್ಟಿಲ ಮೇಲೆ ನಿಂತು ಪಾತ್ರೆ ತೊಳೆದ ನೀರನ್ನು ಒಂದು ಬಕೆಟ್ ಪೂರ್ತಿ ಅವಳ ಕಾಲಿಗೆ ಬೀಳುವ ಹಾಗೆ ಸುರಿದಳು. ಫೋನಕ್ಕ ತಲೆ ಎತ್ತಲಿಲ್ಲ. ಆ ನೀರು ಯಾವ ಕಡೆ ಹರಿಯಿತು, ಎಲ್ಲಿ ನಿಂತಿತು ಎಂದು ನೋಡಿ ಬರೆದುಕೊಂಡಳು.

ವಿಚಾರಣೆಯ ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಎದುರಿಗೆ ವಿಚಾರಣಾ ಅಧಿಕಾರಿ, ಪಕ್ಕದಲ್ಲಿ ಎಂಜಿನಿಯರ್, ಒಬ್ಬ ಟೈಪಿಸ್ಟು. ಹಿಂದೆ ಓಣಿಗೆ ಓಣಿಯೇ.

"ಈ ನಕ್ಷೆ ನಿಮ್ಮದಾ?"

"ನನ್ನದೇ ಸಾರ್."

"ಸರಿಯಿದೆಯಾ?"

ಅವಳು ನಮ್ಮ ಕಡೆ ತಿರುಗಲಿಲ್ಲ, ಎಂಜಿನಿಯರನ ಕಡೆಯೂ ನೋಡಲಿಲ್ಲ. ಕೈಯಲ್ಲಿದ್ದ ಹಾಳೆ ನೋಡಿದಳು.

"ಇಪ್ಪತ್ತಮೂರು ಮನೆಗೆ ಸರಿಯಿದೆ ಸಾರ್, ಮೂವತ್ತೊಂಬತ್ತಕ್ಕೆ ತಪ್ಪು. ಅವರು ಕೇಳಿದ್ರು ಅಂತ ಕೆಂಪು ಹಾಕಿದೆ. ದೋಣಿ ಬರಲಿ ಅಂತ ಕೇಳಿದ್ರು, ಮನೆ ಒಡೀರಿ ಅಂತ ಅಲ್ಲ. ನಿಜವಾದ ಕೆಂಪಲ್ಲಿ ನಮ್ಮನೇನೂ ಇದೆ. ಆದ್ರೆ ಮನೆಗಳ ತಪ್ಪಲ್ಲ ಅದು. ಮೋರಿ ಹನ್ನೆರಡಡಿ ಅಗಲ ಇದೆ, ರೈಲು ದಿಬ್ಬದ ಕೆಳಗೆ ನೀರು ದಾಟೋ ತೂಬು ನಾಲ್ಕೇ ಅಡಿ. ಆ ತೂಬು ಅಗಲ ಮಾಡಿದ್ರೆ ಒಂದು ಮನೇನೂ—"

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ."

ಟೈಪಿಸ್ಟನ ಬೆರಳು ಮನೆಗಳ ಲೆಕ್ಕಕ್ಕೇ ನಿಂತಿತು. ತೂಬು ದಾಖಲೆಗೆ ಬರಲಿಲ್ಲ. ಬರೆದುಕೊಳ್ಳಿ ಎಂದು ನಾವು ಕೂಗಿದೆವು. ಪೊಲೀಸರು ಹೊರಗೆ ದಬ್ಬಿದರು, ಅದು ನಮಗೆ ಹೊಸದೇನಲ್ಲ.

ಅವಳ ಹೇಳಿಕೆಯ ಪ್ರತಿಯನ್ನು ಎಂಜಿನಿಯರ್ ಮಾರನೆಯ ದಿನವೇ ವಿಶ್ವವಿದ್ಯಾಲಯಕ್ಕೆ ಕಳಿಸಿದ. ಅಲ್ಲಿಂದ ನಾಲ್ಕು ಸಾಲು ಬಂತು: ಮಾಹಿತಿಯನ್ನು ತಿರುಚಿರುವುದನ್ನು ತಾವೇ ಒಪ್ಪಿಕೊಂಡಿರುವುದರಿಂದ ಪ್ರಾಜೆಕ್ಟು ತಿರಸ್ಕೃತ, ಅವಧಿ ಮುಗಿದಿರುವುದರಿಂದ ನೋಂದಣಿ ರದ್ದು. ಮೂವತ್ತೊಂಬತ್ತು ಮನೆಯವರು ಉಸಿರು ಬಿಟ್ಟರು. "ಮೊದಲೇ ಹಸಿರು ಹಾಕಿದ್ರೆ ಇಷ್ಟೆಲ್ಲ ರಾಮಾಯಣ ಯಾಕಾಗ್ತಿತ್ತು?" ಎಂದು ಟೈಲರಮ್ಮ ಕೇಳಿದಳು. ಇಪ್ಪತ್ತೆರಡು ಮನೆಯವರು ಫೋನಕ್ಕನ ಮುಖ ನೋಡುವುದನ್ನು ಬಿಟ್ಟರು. ಅವಳು ತನ್ನನ್ನು ನಗರಸಭೆಗೆ ಮಾರಿಕೊಂಡಳು ಎಂದು ನಮ್ಮ ಸಮಿತಿ ಕರಪತ್ರ ಹಂಚಿತು. ಬರೆದದ್ದು ನಾನು. ತಪ್ಪು ಬರೆದಿದ್ದೆ, ವಾಪಸ್ ತೆಗೆದುಕೊಳ್ಳಲಿಲ್ಲ.

ತೆರವಿನ ಕೊನೆಯ ನೋಟಿಸುಗಳು ಬಂದ ದಿನ ಎಂಜಿನಿಯರ್ ನೆಲಮಾಳಿಗೆಗೆ ಫೋನು ಮಾಡಿದ. ಯಾವ ಇಪ್ಪತ್ತಮೂರು ಎಂದು ಕಚೇರಿಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ, ನೀವೇ ಹೋಗಿ ಅಂಟಿಸಿ ಎಂದ. ಗುತ್ತಿಗೆಯವಳು ಆಗಲ್ಲ ಎನ್ನುವ ಹಾಗಿರಲಿಲ್ಲ. ನೋಟಿಸಿನ ಕಟ್ಟು, ಅಂಟಿನ ಡಬ್ಬಿ, ಬ್ರಷ್ಷು ಹಿಡಿದುಕೊಂಡು ಬಂದು ಮೊದಲು ತನ್ನ ಬಾಗಿಲಿಗೇ ಹಚ್ಚಿದಳು.

ಒಳಗಿನಿಂದ ಅತ್ತೆ ಕೇಳಿದಳು: "ಏನೇ ಅದು, ಬಾಗಿಲಿಗೆ ಉಜ್ತಾ ಇದ್ದೀಯಾ?"

"ನೋಟಿಸು ಅತ್ತೆ. ಬೇರೆ ಕಡೆ ಮನೆ ಕೊಡ್ತಾರಂತೆ."

"ಎಲ್ಲಿ?"

"ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ."



"ಅಲ್ಲಿಗೆ ನೀರು ಬರಲ್ವಾ?"

"ಬರಲ್ಲ."

"ಹತ್ತಿದ ಮೇಲೆ ನಾನೂ ಇಳಿಯಲ್ಲ ಬಿಡು. ಹೆಣ ಇಳಿಸೋರಿಗೆ ಬೆನ್ನು ಮುರಿಯುತ್ತೆ." ಮಗ್ಗುಲಾಗಲು ಹೋಗಿ ಆಗದೆ ಮಂಚದ ಪಟ್ಟಿ ಹಿಡಿದುಕೊಂಡಳು. "ನಡಿ, ಉಳಿದದ್ದಕ್ಕೂ ಅಂಟಿಸು. ಅಂಟು ಒಣಗುತ್ತೆ."

ಫೋನಕ್ಕ ನೋಟಿಸಿನ ನಾಲ್ಕು ಮೂಲೆಯನ್ನೂ ಅಂಗೈಯಿಂದ ಒತ್ತಿದಳು. ಪಕ್ಕದ ಮನೆಯವರು ಅವಳು ಬರುವುದನ್ನು ಕಂಡು ಒಳಗಿನಿಂದ ಅಗುಳಿ ಹಾಕಿಕೊಂಡರು. ಮುಚ್ಚಿದ ಬಾಗಿಲಿಗೆ ಬ್ರಷ್ಷು ಹಚ್ಚುವುದು ಇನ್ನೂ ಸಲೀಸು.