ಬಂಡಿ ಸಿಗದೆ ನಡೆದು ಹೋದ ಅಕ್ಕ

ಮೊನ್ನೆ ಬೆಳಿಗ್ಗೆ ನಮ್ಮ ಲೇಔಟಿನ ಮೂಲೆಯಲ್ಲಿ ಇಸ್ತ್ರಿ ಮಾಡುವವನು ಪೆಟ್ಟಿಗೆಗೆ ತುಂಬಲೆಂದು ಇದ್ದಲಿ ಹೊತ್ತಿಸುತ್ತಿದ್ದ. ಸ್ವಲ್ಪ ಹಸಿಯಾಗಿದ್ದ ಇದ್ದಲಿ ಇರಬೇಕು, ಹೊಗೆ ಕಾಂಪೌಂಡು ದಾಟಿ ಪಡಸಾಲೆಯವರೆಗೂ ಬಂತು. ಸೊಸೆ ಕೊತ್ತಂಬರಿ ಮುಗಿದಿದೆ ಎಂದು ಹೇಳುತ್ತಿದ್ದಳು, ಮಗ ಕಾರಿನ ಕೀಲಿ ಹುಡುಕುತ್ತಿದ್ದ. ಒಂದು ಸಿವುಡು ಕೊತ್ತಂಬರಿಗೆ ಕಾರು! ಇಲ್ಲಿ ಎಲ್ಲವೂ ಹೀಗೆಯೇ. ಗುಳಿಗೆ ಬೇಕಾದರೆ ಕಾರು, ಗುಡಿಗೆ ಹೋಗಬೇಕಾದರೆ ಕಾರು. ಕಾರು ಇದ್ದವರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ನಾನು ಗೇಟಿನ ಒಳಗೆ. ಸಿಟ್ಟು ಬಂದು ಏನೋ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಹೊಗೆ ಮೂಗಿಗೆ ಬಡಿಯಿತು.

ಅದು ಹಳೆಯ ಮೋಟಾರಿನ ವಾಸನೆ. ಪೆಟ್ರೋಲು ಸಿಗದ ಆ ದಿನಗಳಲ್ಲಿ ಜೇವರ್ಗಿ ರಸ್ತೆಯ ಮೋಟಾರು ಬಸ್ಸು ಇದ್ದಲಿಯಿಂದ ಓಡುತ್ತಿತ್ತು. ಹಿಂದುಗಡೆ ಒಂದು ದೊಡ್ಡ ಡಬ್ಬಿ, ಅದರೊಳಗೆ ಬೆಂಕಿ. ಹೊರಡುವ ಮುಂಚೆ ಒಬ್ಬ ಕೆಳಗಿಳಿದು ಕೈಯಿಂದ ತಿದಿ ತಿರುಗಿಸಿ ಬೆಂಕಿಗೆ ಗಾಳಿ ಹಾಕಬೇಕು. ಆ ವಾಸನೆಯ ಜೊತೆಗೆ ನನಗೆ ಯಾವಾಗಲೂ ನೆನಪಾಗುವವರು ಮಾಸ್ತರರ ಹೆಂಡತಿ. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ.

ನಲವತ್ತೇಳರ ಚಳಿಗಾಲದಲ್ಲಿ ನನ್ನ ಮದುವೆಯಾಯಿತು. ನನಗೆ ಹದಿನಾರು. ನನ್ನ ತವರು ಆಳಂದ, ಬಜಾರಿನ ಹಿಂದಿನ ಓಣಿ. ಬಾಗಿಲು ತೆರೆದರೆ ಕಿರಾಣಿ ಅಂಗಡಿ, ನಾಲ್ಕು ಹೆಜ್ಜೆಗೆ ಬಳೆಗಾರರ ಮನೆ, ಓಣಿ ಮುಗಿಯುವಲ್ಲಿ ಹಕೀಮರ ದವಾಖಾನೆ. ಕೊಟ್ಟ ಊರು ಅಂದೋಲಾದಿಂದ ಆಚೆ, ಸುತ್ತಲೂ ಎರೆ ಹೊಲ. ನಮ್ಮದಿನ್ನೂ ನಿಜಾಮರ ರಾಜ್ಯ. ಹೊರಗೆಲ್ಲ ಸ್ವಾತಂತ್ರ್ಯ ಬಂದಿದೆ ಎನ್ನುವ ಸುದ್ದಿ ಕೂಡ ಆ ಊರಿಗೆ ಬಂಡಿಯಲ್ಲಿಯೇ ಬರಬೇಕಾಗಿತ್ತು. ಮೋಟಾರು ರಸ್ತೆ ಎರಡು ಹರದಾರಿ ದೂರ, ಅಂದರೆ ಆರು ಮೈಲು. ಬೇಸಿಗೆಯಲ್ಲಿ ಬಂಡಿಯಲ್ಲಿ ಕೂತು ಹೋಗಬಹುದು. ಮಳೆ ಬಿದ್ದರೆ ಗಾಲಿ ಅಚ್ಚಿನವರೆಗೂ ಹೂಳುತ್ತಿತ್ತು, ಊರು ನಡುಗಡ್ಡೆಯಾಗುತ್ತಿತ್ತು.

ನಾನು ಬಂದ ಮೂರನೆಯ ದಿನ ಪಕ್ಕದ ಮನೆಯ ಅಕ್ಕ ನನ್ನನ್ನು ನೋಡಲು ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು. ಎತ್ತರದ ಮೈಕಟ್ಟು, ಮೂಗಿನ ಮೇಲೆ ದುಂಡು ಕನ್ನಡಕ. ಕನ್ನಡಕ ಹಾಕಿದ ಹೆಂಗಸನ್ನು ನಾನು ನೋಡಿದ್ದು ಅದೇ ಮೊದಲು.

"ಆಳಂದದಾಗ ನಿಮ್ಮ ಮನಿ ಬಜಾರದ ಹಂತ್ಯಾಕ ಅದ ಏನು?" ಎಂದು ಕೇಳಿದರು.

ಹೌದೆಂದೆ.

"ಹಂಗಾರ ನಿನಗೂ ಇಲ್ಲಿ ಕಾಲು ಕಟ್ಟಿ ಹಾಕಿದಂಗ ಆಗ್ತದ ನೋಡು," ಎಂದರು. ನಕ್ಕರು, ಆದರೆ ಅದು ತಮಾಷೆಯಾಗಿರಲಿಲ್ಲ.

ಅಕ್ಕ ಹುಟ್ಟಿ ಬೆಳೆದದ್ದು ಕಲಬುರ್ಗಿಯಲ್ಲಿ, ಮಾರುಕಟ್ಟೆಯ ಹಿಂದಿನ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ. ತಂದೆ ಬೇಗ ತೀರಿಕೊಂಡಿದ್ದರು. ತಾಯಿ ಊರಿನವರಿಗೆ ರವಿಕೆ ಹೊಲಿದುಕೊಟ್ಟು ಒಬ್ಬಳೇ ಮಗಳನ್ನು ಹುಡುಗಿಯರ ಶಾಲೆಗೆ ಕಳಿಸಿದ್ದರು. ಕನ್ನಡ, ಉರ್ದು ಎರಡನ್ನೂ ಅಕ್ಕ ಸಲೀಸಾಗಿ ಓದುತ್ತಿದ್ದರು. ಮಾಸ್ತರರಿಗೆ ಈ ಊರಿನ ಶಾಲೆಗೆ ವರ್ಗವಾದಾಗ ಅವರ ಜೊತೆ ಬಂದಿದ್ದರು. ಎಲ್ಲರೂ ಕಲಬುರ್ಗಿಯ ಗಲ್ಲಿ ಗಲೀಜು, ಹಳ್ಳಿಯ ಗಾಳಿ ಛಲೋ ಎನ್ನುತ್ತಿದ್ದರಂತೆ. ಅಕ್ಕ ಅದನ್ನು ನೆನೆದಾಗೆಲ್ಲ ರೇಗುತ್ತಿದ್ದರು. "ಗಾಳಿ ಕುಡದು ಇರೂದೇನು? ಒಂದು ಸೂಜಿ ಬೇಕಂದ್ರ ಗೌಡ್ರ ಗಾಡಿ ಹೋಗೂ ತನಕ ಕಾಯಬೇಕು. ಅಲ್ಲಿ ನಾ ಯಾರನ್ನೂ ಕೇಳ್ತಿದ್ದಿಲ್ಲವ್ವ. ಚಪ್ಪಲಿ ಮೆಟ್ಟಿದೆ, ಹೋದೆ, ಬಂದೆ."

ಆ ಮೂರು ಮಾತನ್ನು ಅವರು ಹೇಳುತ್ತಿದ್ದ ರೀತಿ ನನಗೆ ಇನ್ನೂ ಕೇಳಿಸುತ್ತದೆ.

ನಾನು ಬರುವ ಮೊದಲೇ, ಆ ವರ್ಷದ ದೀಪಾವಳಿಯ ಹೊತ್ತಿಗೆ ಅವರ ಕನ್ನಡಕದ ಒಂದು ಗಾಜು ಸೀಳಿತ್ತು. ಬದಲಾಯಿಸಲು ಕಲಬುರ್ಗಿಗೇ ಹೋಗಬೇಕು. ಮೊದಲು ಸುಗ್ಗಿ, ಎತ್ತು ಬಿಡುವಿಲ್ಲ. ಆಮೇಲೆ ಮೋಟಾರು ಕೆಟ್ಟಿತು. ಆಮೇಲೆ ಖಾಕಿ ತೊಟ್ಟ ಬಂದೂಕಿನವರು ಊರೂರು ಲೂಟಿ ಮಾಡುತ್ತಿದ್ದಾರೆ ಎಂಬ ಗಲಾಟೆಯ ಸುದ್ದಿಗಳು ಬರತೊಡಗಿದವು, ಹೆಂಗಸರು ದಾರಿಗಿಳಿಯುವುದು ಬೇಡ ಎಂದರು. ಹೀಗೆ ಎಂಟು ತಿಂಗಳು ಅಕ್ಕ ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿದರು. ಮಧ್ಯಾಹ್ನದ ಹೊತ್ತು ನನಗೆ ಅಕ್ಷರ ತಿದ್ದಿಸುತ್ತಿದ್ದರು. ಪಾಟಿಯನ್ನು ಮೂಗಿನ ಹತ್ತಿರ ಹಿಡಿದು ನನ್ನ ತಪ್ಪು ಹುಡುಕುತ್ತಿದ್ದರು. ಹುಡುಕಲು ಕಷ್ಟಪಡಬೇಕಾಗಿರಲಿಲ್ಲ, ಎಲ್ಲವೂ ತಪ್ಪೇ ಇರುತ್ತಿತ್ತು.

ನಲವತ್ತೆಂಟರ ಮುಂಗಾರು ಜೋರಾಗಿಯೇ ಹಿಡಿಯಿತು. ಮಾಸ್ತರರನ್ನು ಯಾವುದೋ ಸರ್ಕಾರಿ ಕೆಲಸಕ್ಕೆಂದು ಜೇವರ್ಗಿಗೆ ಕರೆಸಿಕೊಂಡಿದ್ದರು. ಎರಡು ದಿನ ಎಂದು ಹೋದವರು ಎರಡು ವಾರವಾದರೂ ಬಂದಿರಲಿಲ್ಲ. ಆಗ ಆ ಪತ್ರ ಬಂತು. ಕಲಬುರ್ಗಿಯ ನೆರೆಮನೆಯವರು ಬರೆದದ್ದು. ಅಕ್ಕ ಅಂಗಳದ ಬೆಳಕಿಗೆ ಬಂದು, ಸೀಳಿದ ಗಾಜಿನ ಕಣ್ಣು ಮುಚ್ಚಿ ಓದಿದರು. ತಾಯಿಗೆ ಪಾರ್ಶ್ವವಾಯು ಹೊಡೆದಿದೆ, ಎಡಗೈ ಎಡಗಾಲು ಬಿದ್ದಿವೆ, ಮಾತು ತೊದಲುತ್ತದೆ, ನಿಮ್ಮ ಹೆಸರನ್ನೇ ಹಿಡಿದಿದ್ದಾರೆ, ಕೂಡಲೇ ಹೊರಟು ಬನ್ನಿ. ಅಕ್ಕ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು.

"ತಾರೀಖು ನೋಡು. ಬರದು ಒಂಬತ್ತ ದಿನ ಆಗ್ಯಾವ."

ಪತ್ರವೂ ರಸ್ತೆಯ ಮೇಲಿನ ಊರಿನಲ್ಲಿ ಬಂಡಿಗಾಗಿ ಕಾದು ಕೂತಿತ್ತು.

ಅಕ್ಕ ಸೀದಾ ಗೌಡರ ಮನೆಗೆ ಹೋದರು. ನಾನು ಹಿಂದೆ ಹೋದೆ. ಗೌಡರು ಕೆಟ್ಟವರಲ್ಲ. ಎದ್ದು ನಿಂತು ಮಾತಾಡಿಸಿದರು. "ತಂಗಿ, ಬಿತ್ತಿಗಿ ನಡದದ. ಇವತ್ತಿನ ಹದ ನಾಳಿಗಿ ಇರಂಗಿಲ್ಲ. ಎತ್ತು ಕೆಸರಾಗ ಕಾಲು ಮುರಕೊಂಡ್ರ ನನ್ನ ವರ್ಷನ ಹೋಗ್ತದ. ಮಾಸ್ತರ ಬರಲಿ, ನಾಕ ದಿನ ತಡೀರಿ."

"ನಮ್ಮವ್ವ ತಡೀಬೇಕಲ್ರಿ," ಎಂದರು ಅಕ್ಕ.

ಗೌಡರು ನೆಲ ನೋಡಿದರು. ಬಂಡಿ ಕೊಡಲಿಲ್ಲ.

ಊರಲ್ಲಿ ಬಾಡಿಗೆ ಬಂಡಿ ಇದ್ದದ್ದು ಒಬ್ಬರದೇ, ಎಲ್ಲರೂ ಚಾಚಾ ಎನ್ನುತ್ತಿದ್ದ ಮುದುಕರದು. ಅವರು ಕೊಟ್ಟಿಗೆಯ ಬಾಗಿಲಲ್ಲಿಯೇ ಕೂತಿದ್ದರು. ಅಕ್ಕನ ಮಾತು ಕೇಳಿ ಅವರ ಕಣ್ಣು ತುಂಬಿದವು. "ಬೇಟಿ, ಹೋದ ವಾರ ರಸ್ತೆದಾಗ ಎರಡು ಜೋಡಿ ಎತ್ತು ಹೊಡಕೊಂಡು ಹೋದ್ರು. ಬಂದೂಕ ಇದ್ದವರ್ನ ಯಾರ ಕೇಳಬೇಕು? ಎತ್ತು ಹೋದ್ರ ನಾ ಏನ ಮಾಡ್ಲಿ?" ಎಂದರು. ಅಕ್ಕ ಅವರನ್ನು ಒತ್ತಾಯಿಸಲಿಲ್ಲ.

ಎರಡನೆಯ ದಿನ ಮತ್ತೆ ಗೌಡರ ಮನೆ. ಮತ್ತೆ ಅದೇ ಉತ್ತರ. ಮೂರನೆಯ ದಿನ ಬೆಳಿಗ್ಗೆ ನಾನು ನೀರಿಗೆ ಹೋಗುವಾಗ ಅಕ್ಕ ಮನೆಗೆ ಬೀಗ ಹಾಕುತ್ತಿದ್ದರು. ಬಗಲಲ್ಲಿ ಒಂದು ಗಂಟು, ಅದರಲ್ಲಿ ರೊಟ್ಟಿ ಮತ್ತು ಒಂದು ಸೀರೆ.

"ಎಲ್ಲಿಗಿ ಅಕ್ಕಾ?"

"ರಸ್ತಾಕ ಹೊಂಟೇನಿ. ಅಲ್ಲಿ ಮೋಟಾರ ಹಿಡಿತೇನಿ."

ಕೊಡವನ್ನು ಅವರ ಕಟ್ಟೆಯ ಮೇಲಿಟ್ಟು "ನಾನೂ ಬರ್ತೇನಿ" ಎಂದೆ. ಯಾಕೆ ಹಾಗೆ ಅಂದೆನೋ ತಿಳಿಯದು. ಅತ್ತೆಯನ್ನು ಕೇಳಿರಲಿಲ್ಲ, ಗಂಡ ಹೊಲದಲ್ಲಿದ್ದರು. ಬಹುಶಃ ನನಗೂ ಎಲ್ಲಿಗಾದರೂ ಹೋಗಬೇಕಿತ್ತು...

ಮಳೆಗಾಲದ ಎರೆ ಮಣ್ಣಿನಲ್ಲಿ ನಡೆದವರಿಗೇ ಅದರ ಕಷ್ಟ ಗೊತ್ತು. ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೆ ಸೇರು ಮಣ್ಣು. ಚಪ್ಪಲಿ ಕೈಯಲ್ಲಿ ಹಿಡಿದೆವು, ಸೀರೆ ಮೊಣಕಾಲಿಗೆ ಸಿಕ್ಕಿಸಿದೆವು. ನಿಂತು ಕೋಲಿನಿಂದ ಮಣ್ಣು ಕೆರೆಯುವುದು, ಮತ್ತೆ ನಡೆಯುವುದು. ಅಕ್ಕ ಎರಡು ಸಲ ಬಿದ್ದರು. ಎರಡನೆಯ ಸಲ ಬಿದ್ದಲ್ಲೇ ಕೂತು, "ಕಲಬುರ್ಗಿ ಗಲ್ಲಿ ಗಲೀಜಂತ! ನೋಡ್ರಿ ಬರ್ರಿ ಇಲ್ಲಿ!" ಎಂದು ಯಾರೂ ಇಲ್ಲದ ಹೊಲದ ಕಡೆ ಕೂಗಿದರು. ನಾನು ನಕ್ಕೆ. ಅವರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ರಸ್ತೆ ಮುಟ್ಟಿದಾಗ ಹೊತ್ತು ನೆತ್ತಿಯ ಹತ್ತಿರ ಬಂದಿತ್ತು. ಒಂದು ಬೇವಿನ ಮರದ ಕೆಳಗೆ ಕೂತೆವು. ಮೋಟಾರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ. ರೊಟ್ಟಿ ಅರ್ಧರ್ಧ ತಿಂದೆವು. ಬಹಳ ಹೊತ್ತಿನ ಮೇಲೆ ದೂರದಲ್ಲಿ ಹೊಗೆ ಕಂಡಿತು. ಅಕ್ಕ ಎದ್ದು ಸೀರೆ ಸರಿಮಾಡಿಕೊಂಡು ಗಂಟು ಎತ್ತಿಕೊಂಡರು. ಕೈ ಮಾಡಲು ರಸ್ತೆಯ ನಡುವೆ ಹೋದರು.

ನನ್ನ ಕಣ್ಣು ಚೆನ್ನಾಗಿದ್ದವು, ನನಗೆ ಮೊದಲು ಕಂಡಿತು. ಮೋಟಾರಿನ ಟಪ್ಪಿನ ಮೇಲೆ ಖಾಕಿ ತೊಟ್ಟವರು ಕೂತಿದ್ದರು, ಕೈಯಲ್ಲಿ ಬಂದೂಕು. ನಾನು ಓಡಿಹೋಗಿ ಅಕ್ಕನ ಕೈ ಹಿಡಿದು ಜಗ್ಗಿದೆ. ಇಬ್ಬರೂ ರಸ್ತೆ ಬದಿಯ ತಗ್ಗಿನಲ್ಲಿ ಜಾಲಿ ಗಿಡದ ಹಿಂದೆ ಕೂತೆವು. ಮೋಟಾರು ಬುಸುಗುಡುತ್ತ ನಮ್ಮ ಮುಂದೆಯೇ ಹಾದು ಜೇವರ್ಗಿಯ ಕಡೆ ಹೋಯಿತು. ಒಳಗೆ ಜನರೂ ಇದ್ದರು, ಜಾಗವೂ ಇತ್ತು. ಇದ್ದಲಿಯ ಹೊಗೆ ತಗ್ಗಿನ ತುಂಬ ನಿಂತುಕೊಂಡಿತು.

ಅಕ್ಕ ಮೇಲೆದ್ದು ಒಂದು ಹೆಂಟೆ ಎತ್ತಿ ಮೋಟಾರು ಹೋದ ಕಡೆ ಬೀಸಿ ಒಗೆದರು. ಮತ್ತೊಂದು ಒಗೆದರು. "ಎಲ್ಲಾ ಇದರ ಮ್ಯಾಲೆ ಬಿಟ್ಟು ಕುಂತಾರ! ದವಾಖಾನಿ ಅಲ್ಲಿ, ಅಂಗಡಿ ಅಲ್ಲಿ, ನಮ್ಮವ್ವ ಅಲ್ಲಿ... ಇದು ಬರಲಿಲ್ಲಂದ್ರ ನಾವು ಸಾಯೂದೇನು?" ನಂತರ ನೆಲದ ಮೇಲೆ ಬಿದ್ದಿದ್ದ ಗಂಟು ಎತ್ತಿಕೊಂಡು, "ಜೇವರ್ಗಿ ತನಕ ನಡಿತೇನಿ. ಅಲ್ಲಿ ಅವರ್ನ ಕರಕೊಂಡು ನದಿ ದಾಟತೇನಿ," ಎಂದರು.

ನನಗೆ ಹೆದರಿಕೆ ಹತ್ತಿತ್ತು. ಖಾಕಿಯವರ ಹೆದರಿಕೆ, ಅತ್ತೆಯ ಹೆದರಿಕೆ. ಯಾವುದು ದೊಡ್ಡದು ಎಂದು ಈಗಲೂ ಹೇಳಲಾರೆ. ನಾನು ಅಳತೊಡಗಿದೆ.

"ನೀ ಹೊಳ್ಳಿ ಹೋಗವ್ವ," ಎಂದರು ಅಕ್ಕ. "ಹೊತ್ತು ಮುಣುಗೂದರಾಗ ಮನಿ ಮುಟ್ಟು."

ನಾನು ಹೋದೆ. ತಿರುಗಿ ನೋಡಿದಾಗ ಆ ಉದ್ದನೆಯ ಖಾಲಿ ರಸ್ತೆಯಲ್ಲಿ ಅವರೊಬ್ಬರೇ ನಡೆಯುತ್ತಿದ್ದರು. ಮನೆಯಲ್ಲಿ ಅತ್ತೆ, "ಎಲ್ಲಿಗಿ ಹೋಗಿದ್ದಿಬೇ, ಕೊಡಾ ಮಂದಿ ಕಟ್ಟಿಮ್ಯಾಲ ಬಿಟ್ಟು?" ಎಂದು ಬೈದದ್ದು ನನಗೆ ನಾಟಲೇ ಇಲ್ಲ.

ಹದಿನೈದು ದಿನದ ಮೇಲೆ ಮಾಸ್ತರರು ಒಬ್ಬರೇ ಬಂದರು. ಅವರಿಂದ ಎಲ್ಲ ತಿಳಿಯಿತು. ಅಕ್ಕ ದೀಪ ಹಚ್ಚುವ ಹೊತ್ತಿಗೆ ಜೇವರ್ಗಿ ಮುಟ್ಟಿದ್ದರು. ಮರುದಿನ ಇಬ್ಬರೂ ನದಿಗೆ ಹೋದರೆ ಭೀಮೆ ತುಂಬಿ ಹರಿಯುತ್ತಿದ್ದಳು. ಹರಿಗೋಲಿನವರು ಎರಡು ದಿನ ಕಾಯಿಸಿದರು. ಗಲ್ಲಿಗೆ ಹೋದಾಗ ಮನೆಯ ಮುಂದೆ ಜನ ಇದ್ದರು. ತಾಯಿ ತೀರಿಕೊಂಡು ಒಂದು ದಿನವಾಗಿತ್ತು. ಮಣ್ಣು ಮಾಡಿ ಆಗಿತ್ತು.

ಒಂದು ದಿನ! ಗೌಡರ ಅಂಗಳದಲ್ಲಿ ನಾವು ಕಳೆದದ್ದು ಎರಡು ದಿನ.

"ಅಕಿ ಇನ್ನ ಇಲ್ಲಿಗಿ ಬರಂಗಿಲ್ಲಂತವ್ವ," ಎಂದರು ಮಾಸ್ತರರು, ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತ. "ನಾನೂ ವರ್ಗಾ ಕೇಳೇನಿ. ಕೊಡೂ ತನಕ ನಾ ಇಲ್ಲಿ, ಅಕಿ ಅಲ್ಲಿ." ಊರಿನವರು ಗಂಡನನ್ನು ಬಿಟ್ಟವಳು ಎಂದು ಆಡಿಕೊಂಡರು. ಗೌಡರು ಮಾತ್ರ ಏನೂ ಅನ್ನಲಿಲ್ಲ. ಸೆಪ್ಟೆಂಬರಿನಲ್ಲಿ ಸೈನ್ಯ ಬಂತು, ನಿಜಾಮರ ರಾಜ್ಯ ಮುಗಿಯಿತು. ಮಾಸ್ತರರಿಗೆ ಕಲಬುರ್ಗಿಗೆ ವರ್ಗವಾಯಿತು. ಪಕ್ಕದ ಮನೆಯ ಬೀಗ ಹಾಗೇ ಉಳಿಯಿತು.

ಎರಡು ವರ್ಷದ ಮೇಲೆ ನನ್ನ ಹೊಟ್ಟೆನೋವಿಗೆಂದು ಗಂಡ ನನ್ನನ್ನು ಕಲಬುರ್ಗಿಗೆ ಕರೆದುಕೊಂಡು ಹೋದರು. ಕೇಳುತ್ತ ಕೇಳುತ್ತ ಆ ಗಲ್ಲಿ ಹುಡುಕಿದೆವು. ಅಕ್ಕ ಮುಂದಿನ ಕೋಣೆಯಲ್ಲಿ ಏಳೆಂಟು ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ಕನ್ನಡಕದ ಎರಡೂ ಗಾಜು ಹೊಸವು. ನನ್ನನ್ನು ನೋಡಿ ಕತ್ತರಿ ಕೆಳಗಿಟ್ಟು ಬಂದು ತಬ್ಬಿಕೊಂಡರು. ಚಪ್ಪಲಿ ಮೆಟ್ಟಿ ನನ್ನನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಬರುವಾಗ ಬಳೆ ಇಡಿಸಿದರು, ಬದನೆಕಾಯಿ ಕೊಂಡರು. ಎಲ್ಲ ಮುಗಿದು ಮನೆಗೆ ಬಂದರೆ ಒಲೆಯ ಮೇಲಿಟ್ಟ ಬೇಳೆ ಇನ್ನೂ ಬೆಂದಿರಲಿಲ್ಲ.

ಆಗ ಕೇಳಿದೆ, "ಅಕ್ಕಾ, ನಾ ಅವತ್ತ ನಿಮ್ಮನ್ನ ರಸ್ತಾದಾಗ ಬಿಟ್ಟು ಹೋದೆ. ನನ್ನ ಮ್ಯಾಲೆ ಸಿಟ್ಟದ ಏನ್ರಿ?"

"ನೀ ಎರಡು ಹರದಾರಿ ಬಂದಿ," ಎಂದರು. "ಊರಾಗಿನ ಯಾವ ಗಾಡಿನೂ ಅಷ್ಟು ಬರಲಿಲ್ಲ. ಸಿಟ್ಟು ಅದ. ಹೋಗೂದೂ ಇಲ್ಲ. ಆದ್ರ ನಿನ್ನ ಮ್ಯಾಲಲ್ಲ."

ಆಮೇಲೆ ಗಂಡನಿಗೆ ಅಫಜಲಪುರದಲ್ಲಿ ಕೆಲಸ ಸಿಕ್ಕಿತು. ಮಕ್ಕಳು, ಬಾಣಂತನ, ಅವರಿವರ ಮದುವೆ. ಮೊದಮೊದಲು ಪತ್ರ ಬರೆದೆ, ಅವರು ಕಲಿಸಿದ ಅಕ್ಷರದಲ್ಲಿಯೇ. ಯಾವಾಗ ನಿಲ್ಲಿಸಿದೆನೋ... ಗಂಡ ತೀರಿಕೊಂಡ ಮೇಲೆ ಮಗ ಕಲಬುರ್ಗಿಯ ಹೊರಗೆ, ವರ್ತುಲ ರಸ್ತೆಯಾಚೆ ಈ ಮನೆ ಕಟ್ಟಿಸಿದ. ಗಾಳಿ ಚೆನ್ನಾಗಿದೆ ಎಂದು ನನ್ನನ್ನು ಕರೆತಂದ. ಬಂದ ದಿನವೇ ಅವನಿಗೆ ಹೇಳಿದೆ, ಮಾರುಕಟ್ಟೆಯ ಹಿಂದೆ ಒಂದು ಗಲ್ಲಿಗೆ ಹೋಗಬೇಕು, ಒಬ್ಬರನ್ನು ನೋಡಬೇಕು. ಆಯಿತು ಎಂದ. ಅವನಿಗೆ ರಜೆ ಇದ್ದಾಗ ಕಾರು ರಿಪೇರಿಯಲ್ಲಿ. ಕಾರು ಇದ್ದಾಗ ಅಲ್ಲಿ ನಿಲ್ಲಿಸಲು ಜಾಗ ಸಿಗುವುದಿಲ್ಲ ಎನ್ನುವ ತಕರಾರು. ಆಟೋದವರು ಇಷ್ಟು ದೂರ ಬರುವುದಿಲ್ಲ. ನನ್ನ ಮಂಡಿ ಗೇಟಿನಾಚೆ ಹತ್ತು ಮಾರು ನಡೆದರೆ ಹಿಡಿದುಕೊಳ್ಳುತ್ತದೆ.

ಕೊನೆಗೆ ಹೋದ ತಿಂಗಳು ಹೋದೆ. ಗಲ್ಲಿ ಇನ್ನೂ ಇಕ್ಕಟ್ಟಾಗಿಯೇ ಇದೆ, ಗದ್ದಲವಾಗಿಯೇ ಇದೆ. ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಎದುರು ಮನೆಯ ಹೆಂಗಸು ನನ್ನನ್ನು ಕೂರಿಸಿ ನೀರು ಕೊಟ್ಟಳು.

"ಹೊಲಿಗಿ ಅಕ್ಕೋರೇನ್ರಿ? ತೀರಿಕೊಂಡು ಎರಡು ವರ್ಷ ಆತಲ್ರಿ. ಕಡೀ ತನಕ ತಾವೇ ನಡಕೋತ ಬಜಾರಕ ಹೋಗಿ ಬರ್ತಿದ್ರು ನೋಡ್ರಿ."

ಮರಳಿ ಬರುವಾಗ ಕಾರಿನಲ್ಲಿ ಮಗ ಏನೇನೋ ಮಾತಾಡಿದ, ನಾನು ಬೆರಳು ಮಡಚಿ ವರ್ಷ ಎಣಿಸಿದೆ. ನಾನು ಈ ಲೇಔಟಿಗೆ ಬಂದು ನಾಲ್ಕು ವರ್ಷವಾಯಿತು. ಅದರಲ್ಲಿ ಮೊದಲಿನ ಎರಡು ವರ್ಷ ಅಕ್ಕ ಬದುಕಿದ್ದರು.